ತಿಳಿನೀರಿಗೆ ಒಂದು ಚಿಟಿಕೆ ಉಪ್ಪು: ಮನೆಗೆ ಬಂದ ವಾಟರ್ ಫಿಲ್ಟರ್ ಡೆಮೊ

ಎರಡು ಗಾಜಿನ ಲೋಟ, ಒಂದು ಪುಟ್ಟ ಕರೆಂಟ್ ಪೆಟ್ಟಿಗೆ, ಪೆನ್ನಿನಂಥ ಒಂದು ಮೀಟರು. ಇಷ್ಟೇ ಸಾಮಾನು ಇಟ್ಟುಕೊಂಡು ಒಬ್ಬ ಹುಡುಗ ಹದಿನೈದು ನಿಮಿಷದಲ್ಲಿ ನನ್ನ ಸೊಸೆಯನ್ನು ನೀರಿನಲ್ಲಿ ಕರಗಿದ ಲವಣವನ್ನೂ ಸೋಸಿ ತೆಗೆಯುವ 18,500 ರೂಪಾಯಿಯ ಆರ್‌ಒ ಫಿಲ್ಟರ್ ಕೊಳ್ಳಲು ಒಪ್ಪಿಸಿಬಿಟ್ಟಿದ್ದ. ಕಂಪನಿಯ ಹೆಸರು ಬರೆಯುವುದಿಲ್ಲ. ತುಮಕೂರಿನ ನಮ್ಮ ಬೀದಿಗೆ ಮೂರು ವರ್ಷದಲ್ಲಿ ಮೂರು ಬೇರೆ ಬೇರೆ ಕಂಪನಿಯವರು ಇದೇ ಪೆಟ್ಟಿಗೆ, ಇದೇ ಮಾತು ಹೊತ್ತು ಬಂದಿದ್ದಾರೆ. ಹಾಗಾಗಿ ಇದು ಯಂತ್ರದ ವಿಮರ್ಶೆಗಿಂತ ಹೆಚ್ಚಾಗಿ ‘ಉಚಿತ ನೀರಿನ ಪರೀಕ್ಷೆ’ ಎಂದು ಅವರು ಕರೆಯುವ ಸೇವೆಯ ವಿಮರ್ಶೆ. ಆ ಸೇವೆಯೆಲ್ಲ ಮಾತಿನಿಂದಲೇ ಆದದ್ದು.

ನಾನು ಹೈಸ್ಕೂಲಿನಲ್ಲಿ 31 ವರ್ಷ ವಿಜ್ಞಾನ ಹೇಳಿಕೊಟ್ಟವಳು. ಪ್ರತಿಭಾ ಕಾರಂಜಿ ಬಂತೆಂದರೆ ಮಕ್ಕಳನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡುವ ಕೆಲಸವೂ ನನ್ನ ಪಾಲಿಗೇ ಬರುತ್ತಿತ್ತು. ಮಕ್ಕಳಿಗೆ ಮೊದಲ ದಿನವೇ ಹೇಳುತ್ತಿದ್ದೆ: ಕೇಳುವವರು ನಿಮ್ಮ ಮಾತು ಒಪ್ಪುವುದಕ್ಕೆ ಮೂರು ಬಾಗಿಲು. ಆಡುವವರ ಮೇಲಿನ ನಂಬಿಕೆ ಒಂದು, ಕೇಳುವವರ ಎದೆ ಇನ್ನೊಂದು, ಮಾತಿನೊಳಗಿನ ತರ್ಕ ಮೂರನೆಯದು. ಅರಿಸ್ಟಾಟಲ್ ಮಾಡಿದ ವಿಂಗಡಣೆ ಅದು. ಅವತ್ತು ಭಾನುವಾರ ನಮ್ಮ ಪಡಸಾಲೆಯಲ್ಲಿ ಆ ಹುಡುಗ ಮೂರು ಬಾಗಿಲನ್ನೂ ಒಂದಾದ ಮೇಲೊಂದು ತಟ್ಟಿದ. ನಾನು ತೀರ್ಪುಗಾರಳ ಕುರ್ಚಿಯಲ್ಲಿ ಕೂತ ಹಾಗೆಯೇ ಕೂತು ನೋಡಿದೆ.

ಚಪ್ಪಲಿ ಹೊರಗೆ ಬಿಟ್ಟು ಬಂದ. ಇಸ್ತ್ರಿ ಮಾಡಿದ ನೀಲಿ ಅಂಗಿ, ಕುತ್ತಿಗೆಯಲ್ಲಿ ಐಡಿ ಕಾರ್ಡು, ಅದರ ಮೇಲೆ ‘ವಾಟರ್ ಎಕ್ಸ್‌ಪರ್ಟ್’ ಎಂಬ ಅಕ್ಷರ. “ಅಮ್ಮಾ, ಮೊದಲು ಒಂದು ಲೋಟ ನೀರು ಕೊಡ್ತೀರಾ?” ಅಂದ. ಸೊಸೆ ತಂದುಕೊಟ್ಟಳು. ಅವನು ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ, ತುಟಿಯ ತನಕ ಒಯ್ದ, ಕುಡಿಯದೆ ಟೀಪಾಯಿಯ ಮೇಲಿಟ್ಟ. ಒಂದು ಮಾತೂ ಆಡಲಿಲ್ಲ. ಮನೆಗೆ ಬಂದವರು ಕೊಟ್ಟ ನೀರನ್ನು ಕುಡಿಯದೆ ಕೆಳಗಿಟ್ಟರೆ ನಮ್ಮ ಕಡೆಯ ಹೆಂಗಸಿಗೆ ಎಷ್ಟು ಚುಚ್ಚುತ್ತದೆ ಎನ್ನುವುದು ಅವನಿಗೆ, ಅಥವಾ ಅವನಿಗೆ ಹೇಳಿಕೊಟ್ಟವರಿಗೆ, ಚೆನ್ನಾಗಿ ಗೊತ್ತು. ಸೊಸೆಯ ಮುಖ ಆಗಲೇ ಸಣ್ಣದಾಯಿತು. ಇನ್ನೂ ಪೆಟ್ಟಿಗೆ ಬಿಚ್ಚಿರಲಿಲ್ಲ, ಅಷ್ಟರಲ್ಲೇ ಅರ್ಧ ಕೆಲಸ ಮುಗಿದಿತ್ತು.

ಆಮೇಲೆ ಮೀಟರು. ಅಡುಗೆಮನೆ ನಲ್ಲಿಯ ನೀರಿಗೆ ಅದ್ದಿದ, 412 ತೋರಿಸಿತು. ತಾನು ತಂದಿದ್ದ ಬಾಟಲಿಯ ಆರ್‌ಒ ನೀರಿಗೆ ಅದ್ದಿದ, 28. “ನೋಡಿ ಮೇಡಂ, ನಿಮ್ಮದು ನಾನೂರಾ ಹನ್ನೆರಡು, ನಮ್ಮದು ಬರೀ ಇಪ್ಪತ್ತೆಂಟು.” ಸಂಖ್ಯೆಗೆ ಇರುವ ಬಲವೇ ಅದು. ಸ್ಕ್ರೀನಿನಲ್ಲಿ ಕಂಡರೆ ಸಾಕು, ಯಾರೂ ಅದಕ್ಕೆ ಎದುರಾಡುವುದಿಲ್ಲ. ಆದರೆ ಆ ಮೀಟರು ಅಳೆಯುವುದು ನೀರಿನಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಎನ್ನುವುದನ್ನು. ಅದರಿಂದ ಕರಗಿದ ಲವಣ ಎಷ್ಟಿರಬಹುದೆಂದು ಲೆಕ್ಕ ಹಾಕಿ ಟಿಡಿಎಸ್ ಎಂದು ತೋರಿಸುತ್ತದೆ. ಆ ಲವಣ ಕ್ಯಾಲ್ಸಿಯಮ್ಮೋ ಫ್ಲೋರೈಡೋ ಅದಕ್ಕೆ ತಿಳಿಯದು. ವಾಂತಿಭೇದಿ ತರುವ ರೋಗಾಣು ಲಕ್ಷಗಟ್ಟಲೆ ಇದ್ದರೂ ಅಂಕಿ ಕದಲುವುದಿಲ್ಲ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ, ಐಎಸ್ 10500, ಲೀಟರಿಗೆ 500 ಮಿಲಿಗ್ರಾಂ ತನಕದ ಟಿಡಿಎಸ್ ಅನ್ನು ಒಪ್ಪುತ್ತದೆ. ಬೇರೆ ನೀರಿನ ಮೂಲವೇ ಇಲ್ಲದ ಕಡೆ 2,000ದ ತನಕ ಸಹಿಸಬಹುದು ಎನ್ನುತ್ತದೆ. ಅಂದರೆ ಅವನು ಭಯಪಡಿಸಲು ತೋರಿಸಿದ 412 ಪಾಸಾದ ಅಂಕ.

“ಇದನ್ನೂ ಒಮ್ಮೆ ನೋಡಪ್ಪ” ಎಂದು ಮೊಮ್ಮಗಳಿಗೆ ತಂದಿಟ್ಟಿದ್ದ ಎಳನೀರನ್ನು ಲೋಟಕ್ಕೆ ಬಗ್ಗಿಸಿ ಮುಂದಿಟ್ಟೆ. ಅವನು ಅದ್ದಿದ. ಅಂಕಿ ಎರಡು ಸಾವಿರ ದಾಟಿತು. ತಿಪಟೂರು ಸೀಮೆಯ ಪಕ್ಕದಲ್ಲಿದ್ದುಕೊಂಡು ಎಳನೀರು ವಿಷ ಎಂದು ಹೇಳಲು ಯಾರಿಗೆ ಬಾಯಿ ಬರುತ್ತದೆ? “ಅದು ನ್ಯಾಚುರಲ್ ಮೇಡಂ, ಅದು ಬೇರೆ” ಅಂದ. ಬೇರೆ ಹೌದು. ಯಾವ ಲವಣ ಎನ್ನುವುದೇ ಪ್ರಶ್ನೆ, ಮೀಟರು ಉತ್ತರಿಸಲಾರದ ಪ್ರಶ್ನೆಯೂ ಅದೇ.

ಅಷ್ಟಕ್ಕೆ ಅವನು ಸೋಲಲಿಲ್ಲ. ಅವನ ಬತ್ತಳಿಕೆಯ ದೊಡ್ಡ ಬಾಣ ಇನ್ನೂ ಬಾಕಿಯಿತ್ತು. ಪೆಟ್ಟಿಗೆ ತೆಗೆದ. ಪ್ರತಿ ಲೋಟಕ್ಕೂ ಇಳಿಯುವ ಎರಡು ಕಡ್ಡಿ, ಒಂದು ಕಬ್ಬಿಣದ್ದು, ಒಂದು ಅಲ್ಯೂಮಿನಿಯಮ್ಮಿನದು. ಒಂದು ಲೋಟದಲ್ಲಿ ನಮ್ಮ ನೀರು, ಇನ್ನೊಂದರಲ್ಲಿ ಅವನದು. ಸ್ವಿಚ್ ಒತ್ತಿದ. ಒಂದೆರಡು ನಿಮಿಷದಲ್ಲಿ ನಮ್ಮ ಲೋಟದಲ್ಲಿ ಹಸಿರು ಮಿಶ್ರಿತ ಕಂದು ಬಣ್ಣದ ಗಷ್ಟು ಎದ್ದು ತೇಲಿತು, ಚರಂಡಿಯದೇ ಬಣ್ಣ. ಅವನ ಲೋಟ ಹೆಚ್ಚುಕಡಿಮೆ ತಿಳಿಯಾಗಿಯೇ ಉಳಿಯಿತು. ಆಗ ಅವನ ಕಣ್ಣು ಬಾಗಿಲ ಬಳಿ ಇದ್ದ ಪುಟ್ಟ ಚಪ್ಪಲಿಯ ಮೇಲೆ ಬಿತ್ತು. “ಪಾಪು ಇದೆಯಾ ಅಮ್ಮಾ ಮನೇಲಿ? ಇದನ್ನೇ ಕುಡೀತಿದೆ ಪಾಪು” ಎಂದು ಲೋಟವನ್ನು ನಿಧಾನಕ್ಕೆ ಅಲ್ಲಾಡಿಸಿದ. ಸೊಸೆ ಒಳಗೆ ಹೋಗಿ ಆಟವಾಡುತ್ತಿದ್ದ ಮಗುವನ್ನು ಎತ್ತಿಕೊಂಡು ಬಂದು ಎದೆಗವಚಿಕೊಂಡು ನಿಂತಳು. ಅವಳನ್ನು ನಾನು ಹೇಗೆ ತಪ್ಪೆನ್ನಲಿ? ಆ ಲೋಟ ನೋಡಿದಾಗ ವಿಜ್ಞಾನದ ಮೇಷ್ಟರಾದ ನನ್ನ ಹೊಟ್ಟೆಯೇ ಒಂದು ಕ್ಷಣ ತೊಳಸಿತು.

ಆದರೆ ಆ ಬಣ್ಣ ಎಲ್ಲಿಂದ ಬಂತು? ಹತ್ತನೆಯ ತರಗತಿಗೆ ಎಷ್ಟೋ ಸಲ ಮಾಡಿ ತೋರಿಸಿದ್ದೇನೆ. ಧನಾಗ್ರವಾದ ಕಬ್ಬಿಣದ ಕಡ್ಡಿ ಕರೆಂಟಿಗೆ ಕರಗಿ ನೀರಿಗಿಳಿಯುತ್ತದೆ, ಆಮ್ಲಜನಕ ಸೇರಿ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ನೀರಿನಲ್ಲಿ ಒಂದಷ್ಟು ಲವಣ ಇದ್ದರೆ ಕರೆಂಟ್ ಹರಿಯುತ್ತದೆ, ಕಡ್ಡಿ ಕರಗುತ್ತದೆ. ಆರ್‌ಒ ನೀರಿನಲ್ಲಿ ಲವಣ ತೀರ ಕಡಿಮೆ, ಕರೆಂಟ್ ಹರಿಯುವುದೇ ಕಷ್ಟ, ಕಡ್ಡಿ ಹಾಗೇ ಉಳಿಯುತ್ತದೆ. ನಮ್ಮ ಲೋಟದಲ್ಲಿ ತೇಲಿದ್ದು ಅವನ ಕಡ್ಡಿಯ ಕಬ್ಬಿಣ.

ಹೇಳಿದರೆ ಸಾಲದು, ತೋರಿಸಬೇಕು. ಕಣ್ಣಿಗೆ ಕಂಡದ್ದನ್ನು ಬರೀ ಮಾತು ಗೆಲ್ಲಲಾರದು. ಅಡುಗೆಮನೆಯಿಂದ ಉಪ್ಪಿನ ಡಬ್ಬಿ ತಂದು, “ನಿನ್ನ ಲೋಟಕ್ಕೆ ಒಂದು ಚಿಟಿಕೆ ಹಾಕ್ತೀನಿ, ಇನ್ನೊಂದ್ಸಲ ಸ್ವಿಚ್ ಒತ್ತಪ್ಪ” ಅಂದೆ. ಅವನು ಹಿಂದುಮುಂದು ನೋಡಿದ, ಆದರೂ ಒತ್ತಿದ. ಅವನ ತಿಳಿನೀರು ನಮ್ಮ ನೀರಿಗಿಂತ ಬೇಗ ಕೆಟ್ಟಿತು, ಇನ್ನೂ ಗಾಢವಾಗಿ. ಸೊಸೆ ಎರಡೂ ಲೋಟ ನೋಡಿದಳು, ನನ್ನ ಕೈಯಲ್ಲಿದ್ದ ಉಪ್ಪಿನ ಡಬ್ಬಿ ನೋಡಿದಳು. “ಅತ್ತೆ, ಸಾರಿಗೆ ಹಾಕೋ ಉಪ್ಪು ಅಲ್ವಾ ಇದು?” ಅಂದಳು.

ನ್ಯಾಯಶಾಸ್ತ್ರದವರು ಹೇಳುವ ಉದಾಹರಣೆ ಎಲ್ಲರಿಗೂ ಗೊತ್ತು. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ. ಆದರೆ ಡಿಸೆಂಬರ್ ಬೆಳಗಿನಲ್ಲಿ ದೇವರಾಯನದುರ್ಗದ ಮೇಲೆ ಕಾಣುವುದು ಮಂಜು. ಅದನ್ನು ಹೊಗೆಯೆಂದುಕೊಂಡು ಬೆಂಕಿ ಬಿದ್ದಿದೆ ಎಂದು ಕೂಗಿದರೆ ಅದು ಹೇತ್ವಾಭಾಸ. ಕಾರಣದ ವೇಷ ಹಾಕಿದ್ದು, ಕಾರಣವಲ್ಲ. ಈ ಡೆಮೊದ ಜೀವಾಳವೇ ಆ ವೇಷ. ತರ್ಕದ ಬಾಗಿಲು ತಟ್ಟಿದ ಹಾಗೆ ಕಾಣುತ್ತದೆ, ನಿಜಕ್ಕೂ ತಟ್ಟುವುದು ಎದೆಯ ಬಾಗಿಲನ್ನೇ.

ಎದೆಯನ್ನು ತಟ್ಟುವುದು ತಪ್ಪು ಎಂದು ನಾನು ಮಕ್ಕಳಿಗೆ ಎಂದೂ ಹೇಳಿಕೊಟ್ಟಿಲ್ಲ. ನನ್ನ ತಂಗಿ ಪಾವಗಡದಲ್ಲಿದ್ದಾಳೆ. ಅಲ್ಲಿಯ ಬೋರ್‌ವೆಲ್ ನೀರಿನ ಫ್ಲೋರೈಡ್ ಎಷ್ಟೋ ಮಕ್ಕಳ ಹಲ್ಲಿಗೆ ಕಂದು ಕಲೆ ಹಾಕಿದೆ, ವಯಸ್ಸಾದವರ ಕೀಲು ಬಿಗಿದಿದೆ. ಒಬ್ಬ ಹುಡುಗಿ ವೇದಿಕೆಯ ಮೇಲೆ ನಿಂತು ತನ್ನ ಅಜ್ಜನ ಬಗ್ಗದ ಬೆನ್ನಿನ ಬಗ್ಗೆ ಮಾತಾಡಿದಾಗ ಸಭೆ ಕಣ್ಣೊರೆಸಿಕೊಂಡಿತ್ತು. ನಾನು ಅವಳಿಗೆ ಪೂರ್ತಿ ಅಂಕ ಕೊಟ್ಟಿದ್ದೆ. ಆ ಕಣ್ಣೀರಿನ ಬೇರಿನಲ್ಲಿ ಸತ್ಯವಿತ್ತು. ಲೋಟದ ತುಕ್ಕು ತೋರಿಸಿ ತಾಯಿಯನ್ನು ಹೆದರಿಸುವುದಕ್ಕೆ ಅಂಥ ಬೇರಿಲ್ಲ. ಅದಕ್ಕೇ ನನಗೆ ಕೋಪ ಬಂದದ್ದು, ಇವತ್ತಿಗೂ ಇಳಿದಿಲ್ಲ.

ಕೋಪ ಆ ಹುಡುಗನ ಮೇಲಲ್ಲ. ಧ್ವನಿ, ಹಾವಭಾವ, ಕೇಳುವವರನ್ನು ಅರಿತು ಆಡುವ ಜಾಣ್ಮೆ, ಇವಕ್ಕೆ ನಾನು ಹತ್ತಕ್ಕೆ ಒಂಬತ್ತು ಕೊಡುತ್ತೇನೆ. ವಿಷಯಕ್ಕೆ ಎರಡು. “ಟ್ರೈನಿಂಗಲ್ಲಿ ಹೀಗೇ ಹೇಳ್ಕೊಟ್ರು ಮೇಡಂ, ಕಡ್ಡಿ ಕರಗುತ್ತೆ ಅಂತ ನಂಗೇ ಗೊತ್ತಿರ್ಲಿಲ್ಲ” ಅಂದ. ನಂಬಿದೆ. ಹೊರಡುವ ಮುಂಚೆ ಟೀಪಾಯಿಯ ಮೇಲೆ ಇಟ್ಟಿದ್ದ ಆ ಮೊದಲ ಲೋಟದ ನೀರನ್ನು ಎತ್ತಿ ಪೂರ್ತಿ ಕುಡಿದ. ಬಿಸಿಲಿತ್ತು.

ಮರುದಿನ ಅವರ ಆಫೀಸಿನಿಂದ ಫೋನು. ಇವತ್ತು ಸಂಜೆ ಆರರ ತನಕ ಮಾತ್ರ ಆಫರ್, ಹಳೆ ಫಿಲ್ಟರ್ ಕೊಟ್ಟರೆ 2,000 ಕಡಿತ, ತಿಂಗಳ ಕಂತೂ ಇದೆ ಅಂದರು. ಯೋಚಿಸಲು ಬಿಡುವು ಕೊಡದಿರುವುದೂ ಒಂದು ವಾದವೇ. ಇದಕ್ಕೆ ನನ್ನ ಅಂಕ ಸೊನ್ನೆ. ವರ್ಷದ ನಿರ್ವಹಣೆಗೆ 4,500 ಎನ್ನುವುದು ನಾನು ಕೇಳಿದ ಮೇಲೆ ಹೊರಬಿತ್ತು. ಒಂದು ಲೀಟರ್ ಸೋಸಲು ಎಷ್ಟು ನೀರು ಮೋರಿಗೆ ಹೋಗುತ್ತದೆ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಮನೆಯ ಆರ್‌ಒ ಯಂತ್ರಗಳಲ್ಲಿ ಸಾಮಾನ್ಯವಾಗಿ ಶುದ್ಧವಾದ ನೀರಿಗಿಂತ ಚೆಲ್ಲಿಹೋಗುವ ನೀರೇ ಹೆಚ್ಚು. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ಬಳಕೆಯನ್ನು ನಿಷೇಧಿಸಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಪರಿಸರ ಸಚಿವಾಲಯಕ್ಕೆ ಹೇಳಿದ್ದು ಈ ಪೋಲಿನ ಕಾರಣಕ್ಕೇ.

ನಾವು ಮಾಡಿದ್ದಿಷ್ಟು. ಎರಡು ಬಾಟಲಿಯಲ್ಲಿ ನೀರು ತುಂಬಿ ಪ್ರಯೋಗಾಲಯಕ್ಕೆ ಕೊಟ್ಟೆವು, ಒಂದು ಬೋರಿನದು, ಒಂದು ನಗರಪಾಲಿಕೆಯ ನಲ್ಲಿಯದು. ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನೀರಿನ ಟಿಡಿಎಸ್ 210, ಫ್ಲೋರೈಡ್ ಮಿತಿಯೊಳಗೆ. ಬೋರಿನದು 740, ಗಡಸು. ಅಲ್ಲಿಯ ತನಕ ಎರಡೂ ಒಂದೇ ಟ್ಯಾಂಕಿಗೆ ಹೋಗುತ್ತಿತ್ತು. ಈಗ ಪ್ಲಂಬರ್ ಕರೆಸಿ ಕುಡಿಯುವುದಕ್ಕೆ ನಲ್ಲಿ ನೀರಿನ ಲೈನ್ ಬೇರೆ ಮಾಡಿಸಿದ್ದೇವೆ. ಎಂ.ಜಿ. ರಸ್ತೆಯ ಒಂದು ಅಂಗಡಿಯಲ್ಲಿ 8,200 ರೂಪಾಯಿಗೆ, ನೇರಳಾತೀತ ಬೆಳಕಿನಿಂದ ರೋಗಾಣು ಕೊಲ್ಲುವ ಯುವಿ ಫಿಲ್ಟರ್ ಕೊಂಡೆವು. ಆ ಅಂಗಡಿಯವರು ನಮ್ಮನ್ನು ಕೇಳಿದ್ದು ಒಂದೇ ಮಾತು: “ನೀರು ಟೆಸ್ಟ್ ಮಾಡಿಸಿದ ರಿಪೋರ್ಟ್ ಇದೆಯಾ ಮೇಡಂ?” ಕಾಗದ ಓದಿ ಆರ್‌ಒ ಬೇಡ ಎಂದರು, ತಮಗೆ ಬರಬಹುದಾಗಿದ್ದ ಹತ್ತು ಸಾವಿರ ಬಿಟ್ಟುಕೊಟ್ಟು. ಐಡಿ ಕಾರ್ಡಿಲ್ಲದೆ ನಂಬಿಕೆ ಹುಟ್ಟುವುದು ಹೀಗೆ.

ತಂಗಿಗೆ ಫೋನಿನಲ್ಲಿ ಇದೆಲ್ಲ ಹೇಳಿದಾಗ, “ಹಾಗಾದ್ರೆ ನಮ್ಮನೆ ಆರ್‌ಒ ತೆಗೆಸಿಬಿಡ್ಲಾ ಅಕ್ಕಾ?” ಅಂದಳು. ಖಂಡಿತ ಬೇಡ ಅಂದೆ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನೀರು ಕುದಿಸಿದರೆ ಹೋಗದು, ಯುವಿಗೂ ಬಗ್ಗದು. ಪಾವಗಡದಲ್ಲಿ ಅವಳಿಗೆ ಆರ್‌ಒ ಬೇಕೇ ಬೇಕು. ಆದರೆ ಅವಳೂ ಅದನ್ನು ಕೊಂಡದ್ದು ಇದೇ ಕಂದು ಲೋಟ ನೋಡಿ. ಸರಿಯಾದ ಯಂತ್ರ, ತಪ್ಪು ಕಾರಣ. ನೀರು ತಿಳಿಯಾಗಿದೆಯಲ್ಲ ಎಂದು ಯಂತ್ರದೊಳಗೆ ಲವಣ ಸೋಸುವ ಪೊರೆಯಾದ ಮೆಂಬ್ರೇನನ್ನು ನಾಲ್ಕು ವರ್ಷ ಬದಲಾಯಿಸಿಯೇ ಇರಲಿಲ್ಲ. ಸೋಸಿದ ನೀರನ್ನು ಪರೀಕ್ಷೆಗೆ ಕಳಿಸಿದರೆ ಫ್ಲೋರೈಡ್ ಲೀಟರಿಗೆ 1.7 ಮಿಲಿಗ್ರಾಂ ಬಂತು. ಬೇರೆ ಮೂಲವಿಲ್ಲದಿದ್ದರೂ 1.5 ದಾಟುವಂತಿಲ್ಲ ಎನ್ನುತ್ತದೆ ಮಾನದಂಡ. ಮೆಂಬ್ರೇನ್ ಬದಲಾಯಿಸಿದ ಮೇಲೆ ಹೋದ ತಿಂಗಳು ಮತ್ತೆ ಕಳಿಸಿದಳು, 0.4 ಬಂದಿದೆ.