ರೋಲಾ, ಚೀಲವಾ, ಪೆಟ್ಟಿಗೆಯಾ? ಗಾಡಿಯಲ್ಲಿ ಸ್ಪ್ಯಾನರ್ ಹೊರುವ ಐದು ಬಗೆ

ಕಬ್ಬಿನ ತರಗಿನ ಮೇಲೆ ಬಿದ್ದ ಹದಿಮೂರರ ಸ್ಪ್ಯಾನರ್ ಹುಡುಕಿ ಸಿಕ್ಕಿತು ಅಂದರೆ ಅವತ್ತು ಯಾರ ಮುಖ ನೋಡಿ ಎದ್ದಿರೋ ಅನ್ನಬೇಕು. ಹಗಲಲ್ಲೇ ಹಾಗೆ, ಕತ್ತಲಾದ ಮೇಲೆ ಕೇಳಲೇಬೇಡಿ. ಅದಕ್ಕೇ ಟೂಲ್ಸ್ ಹೊರುವ ಚೀಲಕ್ಕೆ ನಾವು ಮೊದಲು ಕೇಳುವ ಪ್ರಶ್ನೆ ಎಷ್ಟು ಹಿಡಿಸುತ್ತದೆ ಅಂತಲ್ಲ. ಹೊರಡುವ ಮುಂಚೆ ‘ಒಂದು ಬಿಟ್ಟಿದ್ದೀಯ’ ಅಂತ ಅದು ತೋರಿಸುತ್ತದಾ? ಬಟ್ಟೆಯ ದಪ್ಪ, ಪಾಕೆಟ್‌ಗಳ ಲೆಕ್ಕ ಎಲ್ಲ ಆಮೇಲೆ.

ಹೋಲಿಕೆಗೆ ತೆಗೆದುಕೊಂಡದ್ದು ಐದು: ಹೊಲಿಸಿದ ಕ್ಯಾನ್ವಾಸ್ ರೋಲ್ (ಸಾಲು ಪಾಕೆಟ್‌ಗಳಿರುವ, ಸುತ್ತಿ ಕಟ್ಟುವ ಬಟ್ಟೆ), ಸ್ಪ್ಯಾನರ್ ಸೆಟ್ ಜೊತೆ ಬರುವ ರೆಕ್ಸಿನ್ ರೋಲ್, ಬಾಯಿ ಅಗಲವಾದ ನೈಲಾನ್ ಚೀಲ, ಐದು ತಟ್ಟೆಯ ತಗಡಿನ ಪೆಟ್ಟಿಗೆ, ಬೋಲ್ಟಿನ ತಲೆಗೆ ಟೋಪಿಯಂತೆ ಕೂರುವ ಸಾಕೆಟ್‌ಗಳ ಸೆಟ್ ಬರುವ ಪ್ಲಾಸ್ಟಿಕ್ ಬಾಕ್ಸ್. ಒಂದು ಮಳೆಗಾಲ, ಒಂದು ಕಬ್ಬು ಅರೆಯುವ ಹಂಗಾಮು. ಮೈಸೂರು, ಶ್ರೀರಂಗಪಟ್ಟಣ, ಪಾಂಡವಪುರ, ಮಂಡ್ಯದ ನಡುವೆ ಬೈಕಿನ ಕ್ಯಾರಿಯರ್, ಕಾರಿನ ಡಿಕ್ಕಿ, ಪಿಕಪ್ ಸೀಟಿನ ಹಿಂಭಾಗ, ಟ್ರ್ಯಾಕ್ಟರ್, ಹೀಗೆ ನಾಲ್ಕೂ ಕಡೆ ಇಟ್ಟು ನೋಡಿದ್ದು.

ಹೊರಬೇಕಾದ ಸಾಮಾನು ಪ್ರತಿ ಸಲವೂ ಒಂದೇ. ಒಂದು ತುದಿ ರಿಂಗ್, ಒಂದು ತುದಿ ಬಾಯಿ ಇರುವ ಕಾಂಬಿನೇಷನ್ ಸ್ಪ್ಯಾನರ್‌ಗಳು 8, 10, 12, 13, 14, 17, 19 ಎಂ.ಎಂ. ಎಂಟು ಇಂಚಿನ ಕಟಿಂಗ್ ಪ್ಲೇಯರ್, ಗಿಡ್ಡನೆಯ ಎರಡು ಸ್ಕ್ರೂಡ್ರೈವರ್, ಅರ್ಧ ಕೆಜಿ ಸುತ್ತಿಗೆ, ಹತ್ತು ಇಂಚಿನ ಅಡ್ಜಸ್ಟಬಲ್ ಸ್ಪ್ಯಾನರ್, ಅರ್ಧ ಇಂಚಿನ ಚೌಕ ತುದಿಯ ಹಿಡಿಗೆ ಸಿಕ್ಕಿಸುವ ಸಾಕೆಟ್ ಸೆಟ್. ಹನ್ನೆರಡು, ಹದಿಮೂರು ಎರಡೂ ಯಾಕೆ ಎಂದು ಕೇಳುವವರಿದ್ದಾರೆ. ಎಂಟು ಎಂ.ಎಂ. ಬೋಲ್ಟಿನ ತಲೆ ಜಪಾನಿ ಮೂಲದ ಬೈಕು ಕಾರುಗಳಲ್ಲಿ 12, ಜರ್ಮನ್ ಅಳತೆ ಹಿಡಿದ ಗಾಡಿಗಳಲ್ಲಿ 13. ಹತ್ತು ಎಂ.ಎಂ. ಬೋಲ್ಟಿಗೆ ಹಾಗೇ 14 ಮತ್ತು 17. ಎರಡೂ ಜಾತಿ ಗಾಡಿ ಮುಟ್ಟುವವರು ನಾಲ್ಕನ್ನೂ ಹೊರಲೇಬೇಕು. ಹಳೇ ಟ್ರ್ಯಾಕ್ಟರ್ ಸೇರಿಕೊಂಡರೆ ಇಂಚಿನ ಸ್ಪ್ಯಾನರ್‌ಗಳದ್ದೇ ಇನ್ನೊಂದು ರೋಲ್ ಬೇಕಾದೀತು. ಎರಡನ್ನೂ ಒಂದರಲ್ಲೇ ಬೆರೆಸಬೇಡಿ. ತಲೆ ಅರ್ಧ ಇಂಚು ಇರುವ ಬೋಲ್ಟಿಗೆ ಹದಿಮೂರನ್ನು ಸಿಕ್ಕಿಸಿದರೆ ಕೂತ ಹಾಗೇ ಅನ್ನಿಸುತ್ತದೆ, ಬಿಗಿ ಇದ್ದರೆ ಮೂಲೆ ಸವೆದು ದುಂಡಗಾಗುತ್ತದೆ.

ಕ್ಯಾನ್ವಾಸ್ ರೋಲ್

ನಮ್ಮ ಪರೀಕ್ಷೆಯಲ್ಲಿ ಗೆದ್ದದ್ದು ಇದೇ, ಆದರೆ ಅಂಗಡಿಯಲ್ಲಿ ಸಿಗುವ ರೂಪದಲ್ಲಲ್ಲ. ರೆಡಿಮೇಡ್ ರೋಲ್‌ಗಳಲ್ಲಿ ಪಾಕೆಟ್‌ಗಳೆಲ್ಲ ಒಂದೇ ಅಗಲ. ಎಂಟರ ಸ್ಪ್ಯಾನರ್ ಅದರಲ್ಲಿ ಓಲಾಡುತ್ತದೆ, ಹತ್ತೊಂಬತ್ತರದ್ದು ಇಳಿಯುವುದೇ ಇಲ್ಲ. ಓಲಾಡಿದ್ದು ಸದ್ದು ಮಾಡುತ್ತದೆ, ಜಾರುತ್ತದೆ. ಅದಕ್ಕಿಂತ ಕುಶನ್ ಅಂಗಡಿಯಲ್ಲಿ ಹೊಲಿಸುವುದು ಮೇಲು. ಸೀಟ್ ಕವರ್ ಹೊಲಿಯುವ ಮಿಷನ್ ಇದಕ್ಕೆ ಹೇಳಿ ಮಾಡಿಸಿದ್ದು. 18ನೇ ನಂಬರ್ ಸೂಜಿ, ನೈಲಾನ್ ದಾರ. ಹತ್ತಿ ದಾರ ಎಣ್ಣೆ, ನೀರು, ಬಿಸಿಲಿಗೆ ಬೇಗ ಕೊಳೆತು ಬಿಡುತ್ತದೆ.

ಪಾಕೆಟ್ ಅಗಲಕ್ಕೆ ಲೆಕ್ಕ ಸುಲಭ: ಒಳಗಿಳಿಯುವ ತುದಿಯ ಅಗಲ, ಅದರ ದಪ್ಪ, ಮೇಲೆ ಒಂದು ಸೆಂ.ಮೀ. ಸ್ಪ್ಯಾನರ್‌ನ ರಿಂಗ್ ಕೆಳಕ್ಕೆ, ಬಾಯಿ ಮೇಲಕ್ಕೆ. ಹಾಗೆ ಹಿಡಿದರೆ 8ಕ್ಕೆ 3 ಸೆಂ.ಮೀ., 10ಕ್ಕೆ ಮೂರೂವರೆ, 12, 13, 14ಕ್ಕೆ ತಲಾ 4, 17ಕ್ಕೆ ನಾಲ್ಕೂವರೆ, 19ಕ್ಕೆ 5, ಪ್ಲೇಯರ್‌ಗೆ ಏಳೂವರೆ, ಸ್ಕ್ರೂಡ್ರೈವರ್‌ಗೆ ತಲಾ 4. ಕೂಡಿದರೆ ನಲವತ್ಮೂರೂವರೆ. ಅಂಚಿಗೆ ಬಿಟ್ಟುಕೊಳ್ಳಲು ಸೇರಿಸಿ ಬಟ್ಟೆಯ ಅಗಲ 50 ಸೆಂ.ಮೀ. ಎಂದು ಹೇಳಿ. ಉದ್ದ 55: ಬೆನ್ನಿಗೆ 26, ಮೇಲಕ್ಕೆ ಮಡಚುವ ಪಾಕೆಟ್‌ಗೆ 15, ಮೇಲಿಂದ ಮುಚ್ಚುವ ಪಟ್ಟಿಗೆ 12, ಉಳಿದದ್ದು ಅಂಚಿನ ಮಡಿಕೆಗೆ. ಪಾಕೆಟ್‌ನ ಮೇಲಂಚನ್ನು ಓರೆಯಾಗಿ ಕತ್ತರಿಸಿ, ಚಿಕ್ಕದರ ಕಡೆ ಎಂಟೂವರೆ ಸೆಂ.ಮೀ. ಆಳ, ದೊಡ್ಡದರ ಕಡೆ 15. ಸ್ಪ್ಯಾನರ್‌ನ ಮೂರರಲ್ಲಿ ಎರಡು ಪಾಲು ಒಳಗಿದ್ದರೆ ಸಾಕು. ಅದಕ್ಕಿಂತ ಆಳವಾದರೆ ಗ್ರೀಸ್ ಕೈಯಲ್ಲಿ ಎಳೆಯಲು ಆಗದು. ಮೇಲಿನ ಮುಚ್ಚುಪಟ್ಟಿ ಇಲ್ಲದ ರೋಲ್ ಯಾರು ಮಾರಿದರೂ ತೆಗೆದುಕೊಳ್ಳಬೇಡಿ. ಬೈಕಿನ ಕ್ಯಾರಿಯರ್ ಮೇಲೆ ಅಡ್ಡ ಕಟ್ಟಿದಾಗ ರಸ್ತೆಯ ಒಂದೊಂದು ಉಬ್ಬಿಗೂ ಸ್ಪ್ಯಾನರ್ ಒಂದೊಂದು ನೂಲಿನಷ್ಟು ಹೊರಕ್ಕೆ ಬರುತ್ತದೆ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್ ಇಳಿಸುವಂತಿಲ್ಲವಲ್ಲ, ಇವೆಲ್ಲ ಸರ್ವಿಸ್ ರಸ್ತೆಯಲ್ಲೇ ಕುಣಿಯುತ್ತಾ ಹೋಗಬೇಕು.

ರೋಲ್ ಮೊದಲು ಹರಿಯುವುದು ಬುಡದ ಮಡಿಕೆಯಲ್ಲಿ. ರಿಂಗ್‌ಗಳ ತೂಕವೆಲ್ಲ ಅಲ್ಲಿ ಕೂತು ಗುದ್ದುತ್ತದೆ. ಎರಡು ಇಂಚು ಅಗಲದ ರೆಕ್ಸಿನ್ ಪಟ್ಟಿ ಅಥವಾ ಹಳೇ ಟ್ಯೂಬಿನ ಸೀಳನ್ನು ಬುಡದುದ್ದಕ್ಕೂ ಹೊರಗಿನಿಂದ ಹೊಲಿಸಿ. ಸ್ಕ್ರೂಡ್ರೈವರ್ ತುದಿಗೆ ಪೆಟ್ರೋಲ್ ಪೈಪಿನ ತುಂಡು ಸಿಕ್ಕಿಸಿ. ಪಾಕೆಟ್ ಬಾಯಿಯ ಎರಡೂ ಮೂಲೆಯಲ್ಲಿ ಹೊಲಿಗೆಯನ್ನು ಮೂರು ಸಲ ಹಿಂದೆ ಮುಂದೆ ಓಡಿಸಲು ಹೇಳಿ. ಈ ಮೂರೂ ಮಾಡಿಸಿದ ರೋಲ್ ಹಂಗಾಮು ಮುಗಿದಾಗಲೂ ಗಟ್ಟಿಯಾಗಿತ್ತು. ಪಟ್ಟಿ ಇಲ್ಲದ್ದರಲ್ಲಿ 17 ಮತ್ತು 19ರ ಪಾಕೆಟ್‌ಗಳ ಬುಡ ಜಾಲರಿಯಾಗಿತ್ತು.

ಸುತ್ತುವುದರಲ್ಲೂ ಒಂದು ಕ್ರಮವಿದೆ. ಪ್ಲೇಯರ್ ಮತ್ತು ಹತ್ತೊಂಬತ್ತರ ಕಡೆಯಿಂದ ಸುತ್ತುತ್ತಾ ಬಂದರೆ ದಪ್ಪದ್ದು ನಡುವಿಗೆ ಹೋಗಿ ರೋಲ್ ಗಟ್ಟಿಯಾಗುತ್ತದೆ, ದಿನಾ ಬೇಕಾಗುವ 10, 12, 13 ಹೊರಗಿನ ಸುತ್ತಿನಲ್ಲಿರುತ್ತವೆ. ಗೇಣುದ್ದ ಬಿಚ್ಚಿದರೆ ಸಾಕು, ಪೂರ್ತಿ ಹಾಸಬೇಕಿಲ್ಲ. ಕಟ್ಟುವ ಪಟ್ಟಿ ಚಿಕ್ಕದರ ಕಡೆಯ ಅಂಚಿಗೆ ಹೊಲಿದಿರಬೇಕು. ಒಂದಿಂಚು ಅಗಲ, 65 ಸೆಂ.ಮೀ. ಉದ್ದ ಇದ್ದರೆ ಎರಡು ಸುತ್ತು ಬಂದು ಬಕಲ್‌ಗೆ ಸಿಗುತ್ತದೆ. ವೆಲ್ಕ್ರೋ ಬೇಡ. ಆಲೆಮನೆ ಕಡೆ ಹತ್ತು ಸಲ ಹೋಗಿ ಬಂದರೆ ಕಬ್ಬಿನ ಸಿಪ್ಪೆಯ ಪುಡಿ ಅದರ ಕೊಕ್ಕೆಗಳಲ್ಲಿ ತುಂಬಿಕೊಂಡು ಅಂಟುವುದನ್ನೇ ಮರೆಯುತ್ತದೆ. ಪಾಕೆಟ್ ಇರುವ ಒಳಮೈ ಬಿಳಿ ಅಥವಾ ಹಳದಿ ಬಟ್ಟೆಯದಾದರೆ ಮೊಬೈಲ್ ಟಾರ್ಚಿನಲ್ಲೂ ಖಾಲಿ ಜಾಗ ಎದ್ದು ಕಾಣುತ್ತದೆ. ಕಪ್ಪು, ಖಾಕಿ ಬಟ್ಟೆಯಲ್ಲಿ ಆ ಅನುಕೂಲವೇ ಹೋಯಿತು.

ಇದರ ದೊಡ್ಡ ಕೊರತೆ ತೇವ. ಹತ್ತಿ ನೀರು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ. ಮಳೆಯಲ್ಲಿ ನೆನೆದ ರೋಲನ್ನು ಸುತ್ತಿದ ಹಾಗೇ ರಾತ್ರಿ ಬಿಟ್ಟರೆ ಬೆಳಗ್ಗೆಗೆ ಸ್ಪ್ಯಾನರ್‌ನ ಬಾಯಂಚಿನಲ್ಲಿ ಕೆಂಪು ಗೆರೆ. ಅಲ್ಲಿಯೇ ಯಾಕೆಂದರೆ ಬೋಲ್ಟ್ ಉಜ್ಜಿ ಉಜ್ಜಿ ಕ್ರೋಮ್ ಲೇಪ ಮೊದಲು ಹೋಗುವುದು ಅಲ್ಲಿಂದ. ಮಳೆಯೇ ಬರಬೇಕೆಂದಿಲ್ಲ. ಡಿಸೆಂಬರ್‌ನ ಮಂಜಿನ ಬೆಳಗ್ಗೆ ತಣ್ಣಗಿರುವ ಕಬ್ಬಿಣದ ಮೇಲೆ ಗಾಳಿಯ ತೇವವೇ ನೀರಾಗಿ ಕೂರುತ್ತದೆ. ಹೊಲಿಗೆ ಮಿಷನ್ ಎಣ್ಣೆ ಒರೆಸಿದ ಬಟ್ಟೆಯಲ್ಲಿ ವಾರಕ್ಕೊಮ್ಮೆ ಬಾಯಿ, ರಿಂಗ್ ಎರಡನ್ನು ಮಾತ್ರ ಒರೆಸಿ. ಹಿಡಿಗೆ ಎಣ್ಣೆ ಬೇಡ, ಜಾರುತ್ತದೆ.

ರೆಕ್ಸಿನ್ ರೋಲ್

ಸೆಟ್ ಜೊತೆ ಪುಕ್ಕಟೆ ಬಂದದ್ದು ಎಂಬುದಷ್ಟೇ ಇದರ ಗುಣ. ಮಳೆ ಹನಿ ತಡೆಯುತ್ತದೆ ನಿಜ. ಒಳಗೆ ಸೇರಿದ ತೇವ ಹೊರಕ್ಕೂ ಹೋಗದು, ಹಾಗಾಗಿ ಕ್ಯಾನ್ವಾಸಿಗಿಂತ ಇದರಲ್ಲೇ ತುಕ್ಕು ಹೆಚ್ಚು ಕಂಡದ್ದು. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಒಂದು ಬೇಸಿಗೆ ಕಳೆದರೆ ಮಡಿಕೆಗಳಲ್ಲಿ ಸೀಳುತ್ತದೆ. ಮನೆಯ ಗೋಡೆಗೆ ನೇತು ಹಾಕಲು ಇರಲಿ.

ನೈಲಾನ್ ಚೀಲ

ಸುತ್ತಿಗೆ, ಅಡ್ಜಸ್ಟಬಲ್ ಸ್ಪ್ಯಾನರ್, ಗ್ರೀಸ್ ಗನ್, ಟೇಪು, ವೈರು, ಕಾಟನ್ ವೇಸ್ಟ್, ಇವು ಯಾವ ರೋಲಿಗೂ ಹೊಂದುವ ಸಾಮಾನಲ್ಲ. ಇವಕ್ಕೆ ಹದಿನಾರು ಇಂಚಿನ ಬಾಯಿ ಅಗಲದ ಚೀಲವೇ ಸರಿ. ಬಾಯಿಗೆ ಕಬ್ಬಿಣದ ಚೌಕಟ್ಟು ಇರುವುದನ್ನೇ ಆರಿಸಿ. ಒಮ್ಮೆ ತೆರೆದರೆ ತೆರೆದೇ ಇರುತ್ತದೆ, ಒಂದು ಕೈಯಲ್ಲಿ ಟಾರ್ಚ್ ಹಿಡಿದಾಗ ಅದರ ಬೆಲೆ ಗೊತ್ತಾಗುವುದು. ಬುಡ ಅಚ್ಚಿನ ಪ್ಲಾಸ್ಟಿಕ್ಕಿನದೋ ರಬ್ಬರಿನದೋ ಆಗಿರಲಿ. ಬರೀ ಬಟ್ಟೆಯ ಬುಡ ಪಿಕಪ್ಪಿನ ತಳದಲ್ಲಿ ನಿಂತ ನೀರನ್ನು ಎಳೆದುಕೊಳ್ಳುತ್ತದೆ.

ಕೊಳ್ಳುವಾಗ ಹಿಡಿಯನ್ನು ನೋಡಿ, ಹೊರಗಿನ ಪಾಕೆಟ್‌ಗಳನ್ನಲ್ಲ. ಹಿಡಿಯ ಪಟ್ಟಿ ಚೀಲದ ಮೇಲಂಚಿಗೆ ಮಾತ್ರ ಅಂಟಿದ್ದರೆ ಬಿಡಿ. ಅದು ಕೆಳಗಿನಿಂದ ಬುಡವನ್ನು ಸುತ್ತಿ ಬಂದಿರಬೇಕು, ಕೂಡುವಲ್ಲಿ ಚೌಕದೊಳಗೆ ಗುಣಾಕಾರ ಚಿಹ್ನೆಯ ಹೊಲಿಗೆ ಇರಬೇಕು. ಹತ್ತು ಕೆಜಿ ದಾಟಿತೋ, ಒಂದು ಕೈಯಲ್ಲಿ ಎತ್ತಿ ಗದ್ದೆ ಬದುವಿನ ಮೇಲೆ ನಡೆಯುವುದು ಕಷ್ಟ. ಜಿಪ್ ಇರುವುದಾದರೆ ಹಲ್ಲು ದಪ್ಪಗಿರಲಿ, ತಿಂಗಳಿಗೊಮ್ಮೆ ಮೇಣದಬತ್ತಿ ಉಜ್ಜಿ. ಎಣ್ಣೆ ಹಾಕಿದರೆ ಧೂಳು ಅಂಟಿ ಎರಡೇ ವಾರಕ್ಕೆ ಕಚ್ಚಿಕೊಳ್ಳುತ್ತದೆ. ವೆಲ್ಡಿಂಗ್, ಗ್ರೈಂಡಿಂಗ್ ನಡೆಯುವ ಕಡೆ ಈ ಚೀಲ ಹತ್ತಿರ ಬೇಡವೇ ಬೇಡ. ಕಿಡಿ ಬಿದ್ದ ಕಡೆಯೆಲ್ಲ ನೈಲಾನ್ ಕರಗಿ ತೂತು.

ಆದರೆ ನಮ್ಮ ಮುಖ್ಯ ಪ್ರಶ್ನೆಗೆ ಈ ಚೀಲ ಪೂರ್ತಿ ಫೇಲು. ಏನೇ ಹಾಕಿದರೂ ಬುಡ ಸೇರುತ್ತದೆ, ಏನು ಇಲ್ಲ ಎಂದು ಹೇಳುವುದಿಲ್ಲ. ಅದಕ್ಕೆ ಸ್ಪ್ಯಾನರ್‌ಗಳನ್ನು ಬಿಡಿಯಾಗಿ ಹಾಕದೆ, ರೋಲನ್ನೇ ಸುತ್ತಿ ಚೀಲದೊಳಗೆ ನಿಲ್ಲಿಸಿ. ಕಾರು, ಪಿಕಪ್ ಎರಡಕ್ಕೂ ನಾವು ಕೊನೆಗೆ ಉಳಿಸಿಕೊಂಡದ್ದು ಈ ಜೋಡಿಯನ್ನೇ. ಬೈಕಿನಲ್ಲಿ ಹೋಗುವ ದಿನ ರೋಲ್ ಮಾತ್ರ ಹೊರಗೆ ಬರುತ್ತದೆ.

ತಗಡಿನ ಪೆಟ್ಟಿಗೆ

ಖಾಲಿ ಪೆಟ್ಟಿಗೆಯೇ ನಾಲ್ಕೈದು ಕೆಜಿ. ತಟ್ಟೆಗಳು ಎರಡೂ ಬದಿಗೆ ಚಾಚಿಕೊಳ್ಳಲು ಎರಡಡಿ ಜಾಗ ಬೇಕು, ಪಿಕಪ್ ಸೀಟಿನ ಹಿಂದೆ ಅಷ್ಟು ಎಲ್ಲಿಂದ ಬರಬೇಕು? ಗುಂಡಿ ರಸ್ತೆಯಲ್ಲಿ ಬಿಡಿ ಸಾಮಾನು ತಟ್ಟೆ ಬಡಿಯುವ ಸದ್ದು ಜಾತ್ರೆಯ ತಮಟೆಯ ಹಾಗೆ. ತಟ್ಟೆಗೆ ಹಳೇ ಟ್ಯೂಬ್ ಕತ್ತರಿಸಿ ಹಾಸಿದರೆ ಮುಕ್ಕಾಲು ಪಾಲು ಸದ್ದು ನಿಲ್ಲುತ್ತದೆ. ಫೋಮ್ ಹಾಸಬೇಡಿ, ನೀರು ಹಿಡಿದು ಅಡಿಯಿಂದ ತುಕ್ಕು ತರುತ್ತದೆ. ಬೀಗ ಹಾಕಬಹುದು, ಕಿಡಿಗೆ ಜಗ್ಗುವುದಿಲ್ಲ, ಮೇಲೆ ಕೂತು ಕೆಲಸ ಮಾಡಬಹುದು. ಆಲೆಮನೆಯ ಗಾಣದ ಪಕ್ಕ, ವರ್ಕ್‌ಶಾಪ್ ನೆಲದಲ್ಲಿ ಇದಕ್ಕೆ ಸಾಟಿಯಿಲ್ಲ.

ಕಾರಿನಲ್ಲಿ ಹಿಂದಿನ ಸೀಟಿನ ಮೇಲೆ ಇಡುವುದು ಮಾತ್ರ ಅಪಾಯ. ಗಂಟೆಗೆ 60 ಕಿ.ಮೀ. ವೇಗದ ಗಾಡಿ ಡಿಕ್ಕಿ ಹೊಡೆದು ನಿಂತರೆ, ಕಟ್ಟದ ಪೆಟ್ಟಿಗೆ ಅದೇ ವೇಗದಲ್ಲಿ ಮುಂದಕ್ಕೆ ಬರುತ್ತದೆ. ಹದಿನಾಲ್ಕು ಮೀಟರ್ ಎತ್ತರದಿಂದ ಬಿದ್ದ ಪೆಟ್ಟಿಗೆಯ ಹೊಡೆತಕ್ಕೆ ಅದು ಸಮ. ಡಿಕ್ಕಿಯ ತಳದಲ್ಲಿ, ಹಿಂದಿನ ಸೀಟಿನ ಬೆನ್ನಿಗೆ ಒತ್ತಿ ಇಟ್ಟು ಪಟ್ಟಿ ಕಟ್ಟಿ. ನೈಲಾನ್ ಚೀಲಕ್ಕೂ ಇದೇ ಮಾತು.

ಸಾಕೆಟ್ ಬಾಕ್ಸ್

ಕಾಣೆಯಾದದ್ದನ್ನು ತೋರಿಸುವುದರಲ್ಲಿ ಇದು ರೋಲಿಗೂ ಒಂದು ಕೈ ಮೇಲು. ಒಂದೊಂದಕ್ಕೂ ಒಂದೊಂದು ಗುಳಿ, ಖಾಲಿ ಗುಳಿ ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತದೆ. ಕೆಡುವುದು ಎರಡೇ ಕಡೆ: ಚಿಲಕ ಮತ್ತು ಹಿಂಜ್. ಬಿಸಿಲ ಡಿಕ್ಕಿಯಲ್ಲಿ ಗುಳಿಗಳು ಸಡಿಲಾಗಿ ಸಾಕೆಟ್‌ಗಳನ್ನು ಕಚ್ಚಿ ಹಿಡಿಯುವುದನ್ನು ಬಿಟ್ಟುಬಿಡುತ್ತವೆ. ಮೇಲು ಕೆಳಗು ಎರಡೂ ಒಂದೇ ಥರ ಕಾಣುವ ಬಾಕ್ಸನ್ನು ಕತ್ತಲಲ್ಲಿ ತಲೆಕೆಳಗಾಗಿ ತೆರೆದರೆ ಇಪ್ಪತ್ನಾಲ್ಕೂ ಸಾಕೆಟ್ ಗಾಡಿಯಡಿಗೆ ಉರುಳುತ್ತವೆ. ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ದೊಡ್ಡದೊಂದು ಗುರುತು ಹಾಕಿಡಿ. ಚಿಲಕವನ್ನು ನಂಬದೆ ಬಾಕ್ಸಿನ ಸುತ್ತ ಸೈಕಲ್ ಟ್ಯೂಬಿನ ಬಳೆಯೊಂದನ್ನು ಏರಿಸಿ.

ಟ್ರ್ಯಾಕ್ಟರಿನ ಮಾತು ಬೇರೆ. ಅಲ್ಲಿ ಬಟ್ಟೆಯದು ಯಾವುದೂ ಬಾಳುವುದಿಲ್ಲ, ಗಾಡಿಯ ಜೊತೆಗೇ ಬಂದ ಟೂಲ್ ಬಾಕ್ಸ್ ಅಥವಾ ಮಡ್‌ಗಾರ್ಡಿಗೆ ಬೋಲ್ಟ್ ಮಾಡಿದ ತಗಡಿನ ಡಬ್ಬಿಯೇ ಗತಿ. ಬ್ಯಾಟರಿ ಪಕ್ಕದಲ್ಲಿ ಮಾತ್ರ ಬೇಡ. ಚಾರ್ಜ್ ಆಗುವಾಗ ಹೊರಬರುವ ಆಸಿಡ್ ಹಬೆಗೆ ಹೊಸ ಸ್ಪ್ಯಾನರ್ ಕೂಡ ಮಂಕಾಗುತ್ತದೆ. ಇನ್ನು ಗೊಬ್ಬರದ ಚೀಲದಲ್ಲಿ ಟೂಲ್ಸ್ ಸುತ್ತಿಡುವ ಅಭ್ಯಾಸ. ಪೊಟ್ಯಾಷ್ ಬಂದ ಚೀಲ ಅಂದರೆ ಉಪ್ಪಿನ ಚೀಲ ಅಂತಲೇ ಲೆಕ್ಕ, ಅದರ ಕ್ಲೋರೈಡ್ ಗಾಳಿಯ ತೇವ ಎಳೆದುಕೊಂಡು ಕಬ್ಬಿಣ ತಿನ್ನುತ್ತದೆ. ಗತಿಯಿಲ್ಲದಿದ್ದರೆ ಅಕ್ಕಿ ಚೀಲ ಹುಡುಕಿ.

ರೋಲನ್ನು ಮೂರು ತಿಂಗಳಿಗೊಮ್ಮೆ ಖಾಲಿ ಮಾಡಿ ಸೋಪಿನ ನೀರಲ್ಲಿ ಒಗೆದು, ಪಾಕೆಟ್‌ಗಳ ಬಾಯಿ ಕೆಳಗೆ ಬರುವಂತೆ ಎರಡು ದಿನ ಬಿಸಿಲಿಗೆ ಹಾಕಿ. ಬೆಲ್ಲದ ಅಂಟು ಉಳಿದ ರೋಲನ್ನು ಇಲಿ ಬಿಡುವುದಿಲ್ಲ. ಪ್ರತಿ ಪಾಕೆಟ್‌ನ ಮೇಲೆ ಅಳಿಸದ ಮಾರ್ಕರ್‌ನಲ್ಲಿ ಅಳತೆ ಬರೆದಿಡಿ. ಯಾರಾದರೂ ‘ಅಣ್ಣ, ಹತ್ತರದ್ದು ಕೊಡಿ, ಈಗ ತಂದೆ’ ಅಂದರೆ ಕೊಡಿ, ಇಲ್ಲ ಅನ್ನಲಾದೀತೇ. ಕೊಟ್ಟ ಕೂಡಲೇ ಅವರ ಹೆಸರು ಬರೆದ ಚೀಟಿಯನ್ನು ಆ ಪಾಕೆಟ್‌ಗೆ ತುರುಕಿ, ತುದಿ ಹೊರಗೆ ಕಾಣುವ ಹಾಗೆ.