‘200 ಸಿಗರೆಟ್ಸ್’: ಪಾರ್ಟಿಗೆ ಕರ್ದು ಬಾಗ್ಲಲ್ಲೇ ನಿಲ್ಸಿದ್ರು

ಈ ಸಿನಿಮಾದ ನಟರ ಲಿಸ್ಟ್ ನೋಡಿದಾಗ್ಲೇ ನಂಗೆ ಅರ್ಧ ಖುಷಿ ಆಗೋಗಿತ್ತು. ಬೆನ್ ಅಫ್ಲೆಕ್, ಅವ್ನ ತಮ್ಮ ಕೇಸಿ ಅಫ್ಲೆಕ್, ಪಾಲ್ ರಡ್, ಕೋರ್ಟ್ನಿ ಲವ್, ಕ್ರಿಸ್ಟೀನಾ ರಿಚಿ, ಕೇಟ್ ಹಡ್ಸನ್, ಜನೀನ್ ಗರೋಫಲೋ, ಮಾರ್ಥಾ ಪ್ಲಿಂಪ್ಟನ್, ಡೇವ್ ಶಪೆಲ್, ಇಷ್ಟೂ ಜನ ಒಂದೇ ಸಿನಿಮಾದಲ್ಲಿ, ಎಲ್ರೂ ಸಿಂಗಲ್ಲು ಅಥ್ವಾ ಸಿಂಗಲ್ ಆಗೋ ದಾರೀಲಿರೋರು, ಒಂದೇ ರಾತ್ರಿ, ಒಂದೇ ಏರಿಯಾ. ಒಂದು ರಾತ್ರೀಲಿ ಮುಗಿಯೋ ಸಿನಿಮಾ ಅಂದ್ರೆ ನಂಗೆ ಮೊದ್ಲಿಂದಾನೂ ಪ್ರಾಣ. ಶನಿವಾರ ಊಟ ಮುಗ್ಸಿ, ಫೋನ್ ಪಕ್ಕಕ್ಕಿಟ್ಟು, ಲೈಟ್ ಆಫ್ ಮಾಡಿ ಕೂತೆ. ಮುಗಿಯೋ ಹೊತ್ತಿಗೆ ಬೇಜಾರಿಗಿಂತ ಹೊಟ್ಟೆ ಉರೀತು, ಯಾಕಂದ್ರೆ ಸಾಮಾನು ಒಂದೂ ಕಡಿಮೆ ಇರ್ಲಿಲ್ಲ, ಎಲ್ಲ ಒಳ್ಳೆ ಸಾಮಾನೇ ತಂದಿಟ್ಟಿದ್ರು, ಒಲೆ ಮಾತ್ರ ಹಚ್ಲೇ ಇಲ್ಲ.

ಕಥೆ ಇಷ್ಟೇ. 1981ರ ಡಿಸೆಂಬರ್ 31, ನ್ಯೂಯಾರ್ಕಿನ ಈಸ್ಟ್ ವಿಲೇಜ್. ಮೋನಿಕಾ ಅನ್ನೋ ಹುಡುಗಿ (ಮಾರ್ಥಾ ಪ್ಲಿಂಪ್ಟನ್) ತನ್ನ ಮನೇಲಿ ನ್ಯೂ ಇಯರ್ ಪಾರ್ಟಿ ಇಟ್ಕೊಂಡಿದಾಳೆ, ಮಿಕ್ಕೋರೆಲ್ಲ ಆ ಪಾರ್ಟಿಗೆ ಹೋಗೋ ದಾರೀಲಿದಾರೆ. ಕೆವಿನ್‌ಗೆ (ಪಾಲ್ ರಡ್) ಅವತ್ತೇ ಹುಟ್ಟಿದಬ್ಬ, ಹುಡುಗಿ ಬಿಟ್ಟೋಗಿದಾಳೆ, ಮುಖ ಗಂಟಿಕ್ಕೊಂಡು ಕೂತಿದಾನೆ, ಅವ್ನ ಫ್ರೆಂಡ್ ಲೂಸಿ (ಕೋರ್ಟ್ನಿ ಲವ್) ಅವ್ನನ್ನ ಎಳ್ಕೊಂಡು ಓಡಾಡ್ತಾಳೆ. ವ್ಯಾಲ್, ಸ್ಟೆಫಿ ಅಂತ ಇಬ್ರು ಚಿಕ್ಕ ಹುಡುಗೀರು ಲಾಂಗ್ ಐಲ್ಯಾಂಡಿನ ರೊಂಕಾಂಕೊಮಾ ಅನ್ನೋ ಊರಿಂದ ಬಂದು ದಾರಿ ತಪ್ಪಿ ಅಲೀತಾರೆ. ಇಬ್ರು ಗೆಳತೀರು ಒಬ್ಬನೇ ಬಾರ್‌ಟೆಂಡರ್ (ಬೆನ್ ಅಫ್ಲೆಕ್) ಹಿಂದೆ ಬಿದ್ದಿದಾರೆ. ಸಿಂಡಿ, ಜ್ಯಾಕ್ ಅಂತ ಒಂದು ಜೋಡಿ ಇದೆ. ಇವ್ರನ್ನೆಲ್ಲ ಟ್ಯಾಕ್ಸೀಲಿ ಹತ್ತಿಸ್ಕೊಂಡು ಇಳಿಸ್ತಾ, ಪ್ರೀತಿ ಬಗ್ಗೆ ಬುದ್ಧಿ ಹೇಳ್ತಾ ಓಡಾಡೋನು ಡಿಸ್ಕೋ ಹುಚ್ಚಿನ ಡ್ರೈವರ್, ಡೇವ್ ಶಪೆಲ್. ಹೆಸ್ರಿನ ವಿಷ್ಯಕ್ಕೆ ಬಂದ್ರೆ ಪ್ಯಾಕಿಗೆ 20, ಕಾರ್ಟನ್‌ಗೆ 10 ಪ್ಯಾಕು, ಒಟ್ಟು 200. ಎಲ್ರ ಬಾಯಲ್ಲೂ ಸಿಗರೇಟು, ಬಾರಲ್ಲಿ ಮನೇಲಿ ಟ್ಯಾಕ್ಸೀಲಿ ಎಲ್ಲಾ ಕಡೆ ಹೊಗೆ. ನ್ಯೂಯಾರ್ಕಿನ ಬಾರಲ್ಲಿ ಸಿಗರೇಟ್ ಬ್ಯಾನ್ ಆಗಿದ್ದು 2003ರಲ್ಲಿ, ಹಾಗಾಗಿ ಅಷ್ಟ್ರ ಮಟ್ಟಿಗೆ ಕಾಲ ಸರಿಯಾಗೇ ಇದೆ.

ಡೈರೆಕ್ಟರ್ ರೀಸಾ ಬ್ರಾಮನ್ ಗಾರ್ಸಿಯಾ. ಇವ್ರು ಮೂಲತಃ ಕಾಸ್ಟಿಂಗ್ ಡೈರೆಕ್ಟರ್, ಆಲಿವರ್ ಸ್ಟೋನ್‌ನ ‘ಜೆಎಫ್‌ಕೆ’ಯಂಥ ದೊಡ್ಡ ಸಿನಿಮಾಗಳಿಗೆ ನಟರನ್ನ ಆರಿಸಿ ಕೊಟ್ಟಿರೋರು. ಡೈರೆಕ್ಷನ್ ಮಾಡಿದ ಮೊದಲ್ನೇ ಸಿನಿಮಾ ಇದು. ಇದು ಗೊತ್ತಾದ್ಮೇಲೆ ನಂಗೆ ಇಡೀ ಸಿನಿಮಾ ಅರ್ಥ ಆಯ್ತು. ಅವ್ರ ಕಣ್ಣು ಎಂಥದ್ದು ಅಂದ್ರೆ, ಈ ಸಿನಿಮಾ ಬಂದ 1999ರಲ್ಲಿ ಕೇಟ್ ಹಡ್ಸನ್ ಯಾರು ಅಂತ ಜನಕ್ಕೆ ಗೊತ್ತೇ ಇರ್ಲಿಲ್ಲ, ಆಸ್ಕರ್ ನಾಮಿನೇಷನ್ ತಂದ್ಕೊಟ್ಟ ಸಿನಿಮಾ ಬಂದಿದ್ದು 2000ದಲ್ಲಿ, ಶಪೆಲ್‌ನ ದೊಡ್ಡ ಟಿವಿ ಶೋ ಶುರು ಆಗಿದ್ದು 2003ರಲ್ಲಿ. ಮುಂದೆ ಯಾರು ಬೆಳೀತಾರೆ ಅಂತ ಇವ್ರು ಮೊದ್ಲೇ ಹಿಡ್ದಿದ್ರು. ಒಂದೊಂದು ಮುಖಾನೂ ಆ ಪಾತ್ರಕ್ಕೆ ಅಳತೆ ತಗೊಂಡು ಹೊಲಿಸ್ದಂಗಿದೆ. ಆದ್ರೆ ಆರ್ಸಿ ತಂದ್ಮೇಲೆ ಆ ನಟರಿಗೆ ಮಾಡೋಕೆ ಏನಾದ್ರೂ ಕೊಡ್ಬೇಕಲ್ವಾ? ಇಬ್ರು ಬೀದೀಲಿ ನಡೀತಾ ಜಗಳ ಆಡ್ತಾರೆ, ಕಟ್. ಇನ್ನಿಬ್ರು ಬಾರಲ್ಲಿ ಕೂತು ಜಗಳ ಆಡ್ತಾರೆ, ಕಟ್. ಹಾಡು. ಮತ್ತೆ ಮೊದಲ್ನೇ ಜೋಡಿ, ಅದೇ ಜಗಳ, ನಿಂತಲ್ಲಿಂದ ಒಂದಿಂಚೂ ಮುಂದೆ ಹೋಗಿಲ್ಲ. ಎಂಟಿವಿಯವ್ರ ಸಿನಿಮಾ ಕಂಪ್ನಿ ಇದನ್ನ ಮಾಡಿರೋದು, ಎಂಟಿವಿ ಚಾನೆಲ್ ಶುರು ಆಗಿದ್ದೂ ಅದೇ 1981ರ ಆಗಸ್ಟ್ 1ಕ್ಕೆ, ಬಹುಶಃ ಅದಕ್ಕೇ ಯಾವ ಸೀನಿಗೂ ಒಂದು ಹಾಡಿಗಿಂತ ಜಾಸ್ತಿ ಹೊತ್ತು ಉಸಿರಾಡೋಕೆ ಬಿಟ್ಟಿಲ್ಲ ಅನ್ಸುತ್ತೆ.

ತುಂಬ ಪಾತ್ರ ಇರೋ ಸಿನಿಮಾದಲ್ಲಿ ಮಜಾ ಬರೋದೇ ಇವ್ನ ಕಥೆ ಹೋಗಿ ಅವ್ಳ ಕಥೆಗೆ ಡಿಕ್ಕಿ ಹೊಡ್ದಾಗ. 1973ರ ‘ಅಮೆರಿಕನ್ ಗ್ರಾಫಿಟಿ’ ನೋಡಿ, ಅದೂ ಒಂದೇ ರಾತ್ರಿ, 1962ನೇ ಇಸವಿ, ಒಂದಷ್ಟು ಹುಡುಗ್ರು ಕಾರಲ್ಲಿ ಸುಮ್ನೆ ಸುತ್ತೋದು, ಆದ್ರೆ ಬೆಳಗಾಗೋ ಹೊತ್ತಿಗೆ ಒಬ್ಬೊಬ್ರೂ ಬೇರೆ ಮನುಷ್ಯರಾಗಿರ್ತಾರೆ, ಎಲ್ಲಾ ಕಾರಲ್ಲೂ ಕೇಳ್ಸೋ ಒಂದೇ ರೇಡಿಯೋ ದನಿ ಅವ್ರನ್ನೆಲ್ಲ ದಾರದ ಥರ ಪೋಣಿಸುತ್ತೆ. ಇಲ್ಲಿ ಆ ಕೆಲ್ಸ ಮಾಡ್ಬೇಕಾದೋನು ಶಪೆಲ್. ಅವ್ನು ಬಂದಾಗೆಲ್ಲ ಸಿನಿಮಾಗೆ ಜೀವ ಬರುತ್ತೆ ನಿಜ, ಆದ್ರೆ ಬಂದು ಎರಡು ಡೈಲಾಗ್ ಹೇಳಿ ಹೋಗ್ಬಿಡ್ತಾನೆ.

ಇನ್ನು ನೈಟ್‌ಲೈಫು. ಇದ್ರ ಬಗ್ಗೆ ನಂಗೆ ನಿಜವಾಗ್ಲೂ ಸಿಟ್ಟಿದೆ. ನಾನು ಎರಡು ವರ್ಷ ನ್ಯೂಯಾರ್ಕ್ ಪಕ್ಕದ ಜೆರ್ಸಿ ಸಿಟೀಲಿದ್ದೆ, ವೀಕೆಂಡಲ್ಲಿ ಈಸ್ಟ್ ವಿಲೇಜಿನ ಸೇಂಟ್ ಮಾರ್ಕ್ಸ್ ಪ್ಲೇಸ್, ಅವೆನ್ಯೂ ಎ, ಟಾಂಪ್ಕಿನ್ಸ್ ಸ್ಕ್ವೇರ್ ಪಾರ್ಕ್ ಸುತ್ತಮುತ್ತ ಕಾಲು ನೋಯೋವರ್ಗೂ ನಡ್ದಿದೀನಿ. ಈಗ ಅಲ್ಲಿ ಬಾಡಿಗೆ ಕೇಳಿದ್ರೆ ತಲೆ ತಿರ್ಗುತ್ತೆ. 1981ರಲ್ಲಿ ಅದೇ ಜಾಗದಲ್ಲಿ, ಅವೆನ್ಯೂ ಬಿ ದಾಟಿದ್ರೆ ಸುಟ್ಟೋದ ಬಿಲ್ಡಿಂಗು, ಮಾಲೀಕರೇ ಬಿಟ್ಟೋದ ಮನೆಗಳು, ಬೀದೀಲೇ ಹೆರಾಯಿನ್ ವ್ಯಾಪಾರ. ಆ ಒಂದು ವರ್ಷದಲ್ಲಿ ನ್ಯೂಯಾರ್ಕ್ ಸಿಟೀಲಿ 1,800ಕ್ಕೂ ಜಾಸ್ತಿ ಕೊಲೆ ಆಗಿತ್ತು. ಇದ್ರ ಮಧ್ಯಾನೇ ಕಡಿಮೆ ಬಾಡಿಗೆ ಅಂತ ಪೇಂಟ್ ಮಾಡೋರು, ಹಾಡೋರು, ಕವಿತೆ ಬರ್ಯೋರು ಬಂದು ಸೇರ್ಕೊಂಡ್ರು, ಹತ್ರದಲ್ಲೇ ಬೌರಿ ರಸ್ತೇಲಿ ಸಿಬಿಜಿಬಿ ಅನ್ನೋ ರಾಕ್ ಸಂಗೀತದ ಕ್ಲಬ್ 1973ರಿಂದಾನೇ ಇತ್ತು. ಆಗ ನ್ಯೂಯಾರ್ಕಲ್ಲಿ ಕುಡಿಯೋಕೆ 18 ತುಂಬಿದ್ರೆ ಸಾಕಿತ್ತು, 21 ಮಾಡಿದ್ದು 1985ರಲ್ಲಿ. ಅಂದ್ರೆ ಹೈಸ್ಕೂಲ್ (ಅಲ್ಲಿ ಅದು ಮುಗಿಯೋದೇ 18ರ ಹೊತ್ತಿಗೆ) ಮುಗಿಸಿದೋರೆಲ್ಲ ರಾತ್ರಿ ಬಾರಲ್ಲೇ. ಮೊಬೈಲ್ ಇಲ್ಲ, ದಾರಿ ತಪ್ಪಿದ್ರೆ 10 ಸೆಂಟ್ ಹಾಕಿ ಬೂತಿಂದ ಫೋನ್ ಮಾಡ್ಬೇಕು, ಆ ಕಡೆ ಯಾರೂ ಎತ್ತಿಲ್ಲ ಅಂದ್ರೆ ಮುಗೀತು. ಎಂಥಾ ಕಾಮಿಡಿ ಮಾಡ್ಬೋದಿತ್ತು ಇದ್ರಲ್ಲಿ, ಎಂಥಾ ಭಯ ತೋರಿಸ್ಬೋದಿತ್ತು! ವ್ಯಾಲ್, ಸ್ಟೆಫಿ ಕಥೇಲಿ ಇದೆಲ್ಲ ತಾನಾಗೇ ಬರ್ಬೇಕಿತ್ತು. ಬರಲ್ಲ. ರಿಚಿ ಮತ್ತೆ ಗ್ಯಾಬಿ ಹಾಫ್‌ಮನ್ ಇಬ್ರೂ ಲಾಂಗ್ ಐಲ್ಯಾಂಡ್ ಥರ ಎಳ್ದು ಎಳ್ದು ಮಾತಾಡ್ತಾರೆ, ಒಬ್ಳು ಬಾ ಅಂತಾಳೆ, ಇನ್ನೊಬ್ಳು ಮನೆಗೋಗೋಣ ಅಂತಾಳೆ, ಮೊದಲ್ನೇ ಸಲ ನಗು ಬರುತ್ತೆ, ಐದ್ನೇ ಸಲ ನಂಗೂ ಮನೆಗೋಗೋಣ ಅನ್ಸುತ್ತೆ.

ಬಟ್ಟೆ ಬಗ್ಗೆ ಒಂದು ಮಾತು. ಎಲ್ರೂ ತಲೆಯಿಂದ ಕಾಲವರ್ಗೂ ಎಂಬತ್ತರ ದಶಕ. ನಮ್ಮನೆ ಹಳೇ ಆಲ್ಬಮಲ್ಲಿ 1981ರ ಫೋಟೋ ಒಂದಿದೆ, ಚಿಕ್ಕಪ್ಪನ ಮದುವೇದು. ಅದ್ರಲ್ಲಿ ಯಾರೂ 1981 ಥರ ಕಾಣ್ಸಲ್ಲ. ಒಬ್ರ ಕೋಟು ಅವ್ರಪ್ಪಂದು, ಇನ್ನೊಬ್ರ ಬೆಲ್‌ಬಾಟಮ್ ಐದಾರು ವರ್ಷ ಹಳೇದು, ಅತ್ತೆ ಉಟ್ಟಿರೋದು ಅಜ್ಜಿ ಸೀರೆ. ಯಾವ ಕಾಲದಲ್ಲೂ ಜನ ಬದುಕೋದು ಹಂಗೇನೇ, ಹಳೇದು ಹೊಸದು ಕಲಸ್ಕೊಂಡು. ಈ ಸಿನಿಮಾದವ್ರು ಅಂಗಡಿಯಿಂದ ಇವತ್ತೇ ತಂದು ಹಾಕ್ಕೊಂಡಂಗಿದೆ.

ಕೇಟ್ ಹಡ್ಸನ್‌ಗೆ ಕೊಟ್ಟಿರೋ ಕೆಲ್ಸ ನೋಡಿ ನಂಗೆ ತುಂಬ ಬೇಜಾರಾಯ್ತು. ಸಿಂಡಿ ಅನ್ನೋ ಆ ಹುಡುಗಿ ಹಿಂದಿನ ರಾತ್ರಿ ಮೊದಲ್ನೇ ಸಲ ಒಬ್ಬ ಗಂಡಸಿನ ಜೊತೆ ಮಲ್ಗಿದಾಳೆ, ಆ ಜ್ಯಾಕ್‌ಗೆ ಇವ್ಳು ಎಲ್ಲಿ ಅಂಟ್ಕೊಂಡ್ಬಿಡ್ತಾಳೋ ಅನ್ನೋ ಹೆದರಿಕೆ. ಎಷ್ಟು ಸೂಕ್ಷ್ಮದ ವಿಷ್ಯ ಇದು. ಹಡ್ಸನ್ ಕಣ್ಣಲ್ಲಿ ಆ ಗಾಬರಿ, ಆ ಆಸೆ ಎರಡೂ ಇದೆ, ನಗೋಕೆ ಬಾಯಿ ತೆಗ್ದು ಅವ್ನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸ್ತಾಳೆ. ಅಷ್ಟು ಚೆನ್ನಾಗಿ ಮಾಡೋ ಹುಡುಗೀನ ಪದೇ ಪದೇ ಜಾರಿಸಿ ಬೀಳ್ಸೋದು, ಕೋಟಿಗೆ ನಾಯಿ ಹೊಲಸು ಮೆತ್ತಿಸೋದು, ಅದ್ರ ಮೇಲೆ ಜೋಕು. ಬೀಳೋದ್ರಲ್ಲಿ ತಪ್ಪಿಲ್ಲ, ಆದ್ರೆ ಬಿದ್ದೋರ ಕಡೆ ಸಿನಿಮಾ ನಿಲ್ಬೇಕು. ಇದು ಜ್ಯಾಕ್ ಪಕ್ಕ ನಿಂತ್ಕೊಂಡು ಅವ್ಳನ್ನ ನೋಡುತ್ತೆ.

ಪಾಲ್ ರಡ್, ಕೋರ್ಟ್ನಿ ಲವ್ ಸೀನುಗಳು ಮಾತ್ರ ಉಳ್ಕೊಂಡಿವೆ. ಇಬ್ರೂ ಒಬ್ರಿಗೊಬ್ರು ತುಂಬ ದಿನದ ಪರಿಚಯ ಅನ್ನೋ ಥರ ಕೂತ್ಕೊತಾರೆ, ಅವ್ಳು ಅವ್ನನ್ನ ರೇಗಿಸ್ತಾ ರೇಗಿಸ್ತಾ ಒಂದ್ ಕ್ಷಣ ಸುಮ್ನಾಗ್ತಾಳೆ ನೋಡಿ, ಆಗ ಗೊತ್ತಾಗುತ್ತೆ ಇವ್ಳಿಗೆ ಇವ್ನ ಮೇಲೆ ಮನಸಿದೆ ಅಂತ. ಯಾರೂ ಬಾಯ್ಬಿಟ್ಟು ಹೇಳ್ಬೇಕಾಗಿಲ್ಲ.

ಇನ್ನು ಮೋನಿಕಾ. ನನ್ ಪ್ರಕಾರ ಇಡೀ ಸಿನಿಮಾ ಇವ್ಳದೇ ಆಗ್ಬೇಕಿತ್ತು. ಟೇಬಲ್ ತುಂಬ ತಿಂಡಿ ಬಾಟ್ಲಿ ಜೋಡ್ಸಿಟ್ಟು, ಒಬ್ಳು ಫ್ರೆಂಡ್ ಬಿಟ್ರೆ ಯಾರೂ ಇಲ್ದಿರೋ ಮನೇಲಿ ಬಾಗ್ಲು ನೋಡ್ಕೊಂಡು ಕಾಯ್ತಾಳೆ. ಜೆರ್ಸಿ ಸಿಟೀಲಿದ್ದಾಗ ಒಂದ್ ಡಿಸೆಂಬರ್ 31ಕ್ಕೆ ನಾನೂ ಹದ್ನಾಲ್ಕು ಜನಕ್ಕೆ ಬಿಸಿಬೇಳೆಬಾತ್ ಮಾಡಿಟ್ಕೊಂಡು ಕಾದಿದೀನಿ, ಒಂಬತ್ತು ಗಂಟೆ ಆದ್ರೂ ಬಂದಿದ್ದು ಇಬ್ರೇ. ಆ ಹೊತ್ತಿನ ಮೌನ ಹೆಂಗಿರುತ್ತೆ ಅಂತ ಗೊತ್ತಿದ್ದೋರಿಗೆ ಗೊತ್ತು. ಬಂದಿರೋ ಇಬ್ರು ಪಾಪ ಜೋರಾಗಿ ಮಾತಾಡ್ತಾರೆ, ನೀವು ಹೋಗಿ ಮತ್ತೆ ಪಾತ್ರೆ ಮುಚ್ಚಳ ತೆಗ್ದು ನೋಡ್ತೀರ, ಬಾತು ಗಟ್ಟಿ ಆಗಿರುತ್ತೆ, ಇನ್ನೊಂದ್ ಲೋಟ ಬಿಸಿನೀರು ಹಾಕಿ ತಿರುಗಿಸ್ತೀರ, ಲಿಫ್ಟ್ ಸದ್ದಾದ್ರೆ ಕಿವಿ ಆ ಕಡೆ. ಹತ್ತೂವರೆಗೆ ಬೆಲ್ ಆಯ್ತು, ಆರು ಜನ ಒಟ್ಟಿಗೆ ಒಳಗ್ ಬಂದ್ರು, ನಂಗೆ ಕಣ್ಣಲ್ಲಿ ನೀರೇ ಬಂತು. ಎಲೆ ಹಾಕಿ ಕಾಯೋ ಮನೆಯೋರ ಸಂಕಟ ಯಾವ ದೇಶದಲ್ಲೂ ಒಂದೇ. ಮಾರ್ಥಾ ಪ್ಲಿಂಪ್ಟನ್ ಮುಖದಲ್ಲಿ ಅದು ಪೂರ್ತಿ ಇದೆ, ನಗ್ತಾನೇ ಕುಸೀತಾಳೆ. ಸಿನಿಮಾಗೆ ಅದು ಕಾಣ್ಸಿಲ್ಲ, ಅವ್ಳನ್ನ ಬರೀ ಕಿರುಚಾಡೋ ಹುಡುಗಿ ಮಾಡಿ, ಕುಡಿಸಿ, ಜನ ಬರೋ ಮುಂಚೆನೇ ಪ್ರಜ್ಞೆ ತಪ್ಪಿಸಿ ಮಲಗಿಸ್ಬಿಡುತ್ತೆ.

ಸರಿ, ಅವ್ಳು ಮಲಗಿದ್ಲು, ಎಲ್ರೂ ಬಂದ್ರು, ಈಗಾದ್ರೂ ಪಾರ್ಟಿ ತೋರಿಸ್ತಾರೆ ಅಂತ ನಾನು ಮುಂದಕ್ಕೆ ಬಗ್ಗಿ ಕೂತೆ. ಒಂದೂವರೆ ಗಂಟೆಯಿಂದ ಎಲ್ರೂ ಹೋಗ್ತಿದ್ದಿದ್ದೇ ಅಲ್ಲಿಗೆ ತಾನೆ, ಕೆವಿನ್ ಅಲ್ಲಿ, ಅವ್ನನ್ನ ಬಿಟ್ಟೋಳು ಅಲ್ಲಿ, ಬಾರ್‌ಟೆಂಡರ್ ಅಲ್ಲಿ, ಲಾಂಗ್ ಐಲ್ಯಾಂಡ್ ಹುಡುಗೀರು ಅಲ್ಲಿ, ಇಷ್ಟು ಜನ ಒಂದು ಸಣ್ಣ ಮನೇಲಿ ಸೇರಿದ್ರೆ ಏನೇನಾಗ್ಬೋದು! ಆ ಪಾರ್ಟೀನ ಫೋಟೋಗಳಲ್ಲಿ ತೋರ್ಸಿ, ಮೇಲೆ ಶಪೆಲ್ ದನೀಲಿ ನಾಲ್ಕು ಮಾತು ಹೇಳ್ಸಿ ಮುಗ್ಸಿದಾರೆ. ಬೆಳಗ್ಗೆ ನೋಡಿದ್ರೆ ಯಾರ್ಯಾರೋ ಯಾರ್ಯಾರ ಜೊತೆನೋ ಮಲಗಿದಾರೆ. ಹೆಂಗೆ ಸೇರಿದ್ರು, ಯಾರು ಮೊದ್ಲು ಕೈ ಹಿಡಿದ್ರು, ಏನ್ ಹೇಳಿದ್ರು, ಒಂದೂ ಇಲ್ಲ. ಸಿಂಗಲ್ ಇರೋರ ಬಗ್ಗೆ ಸಿನಿಮಾ ಅಂತ ಮಾಡಿ, ಒಬ್ರಿಗೊಬ್ರು ಸಿಗೋ ಆ ಗಳಿಗೇನೇ ಬಿಟ್ಬಿಟ್ಟಿದಾರೆ. ಮದುವೆ ಮನೆಗೆ ಕರ್ದು, ಊಟದ ಹೊತ್ತಿಗೆ ಆಲ್ಬಮ್ ಕೈಗೆ ಕೊಟ್ಟಂಗಾಯ್ತು. ಅಮೆರಿಕದ ಥಿಯೇಟರಲ್ಲಿ ಇದ್ರ ಕಲೆಕ್ಷನ್ 70 ಲಕ್ಷ ಡಾಲರ್ ಕೂಡ ಮುಟ್ಲಿಲ್ಲ, ಅಷ್ಟು ಹೆಸ್ರು ಪೋಸ್ಟರಲ್ಲಿದ್ದೂ.

ಹಾಡು ಚೆನ್ನಾಗಿವೆ, ಅದನ್ನ ಹೇಳ್ಲೇಬೇಕು, ಆ ಕಾಲದ ಪಾಪ್ ಇಷ್ಟ ಇದ್ರೆ ಕಿವಿಗಂತೂ ಮೋಸ ಇಲ್ಲ. ನನ್ ಕಡೆಯಿಂದ ಐದಕ್ಕೆ ಎರಡು, ಒಂದು ಶಪೆಲ್‌ಗೆ, ಇನ್ನೊಂದು ರಡ್-ಲವ್ ಜೋಡಿಗೆ. ದುಡ್ಡು ಕೊಟ್ಟು ಬಾಡಿಗೆಗೆ ತಗೊಂಡು ನೋಡ್ಬೇಡಿ, ನೀವು ಕಟ್ಟಿರೋ ಚಂದಾದಲ್ಲೇ ಸಿಕ್ಕಿದ್ರೆ ಈ ಎರಡಕ್ಕೋಸ್ಕರ ನೋಡ್ಬೋದು.

ಕೊನೇಲಿ ಒಂದು ವಿಷ್ಯ ಇದೆ, ಎರಡು ದಿನದಿಂದ ತಲೆಯಿಂದ ಹೋಗ್ತಿಲ್ಲ. ಮೋನಿಕಾ ನಿದ್ದೇಲಿದ್ದಾಗ ಅವ್ಳ ಪಾರ್ಟಿಗೆ ನಿಜವಾದ ಎಲ್ವಿಸ್ ಕಾಸ್ಟೆಲೋನೇ ಬಂದೋಗಿರ್ತಾನೆ, ಅವ್ಳಿಗೆ ಪ್ರಾಣ ಆಗಿರೋ ಹಾಡುಗಾರ. ಬೆಳಗ್ಗೆ ಎದ್ದು ಅದನ್ನ ಕೇಳಿದಾಗ ಆ ಹುಡುಗಿಗೆ ಏನಾಗಿರ್ಬೇಕು! ಮನೆ ತುಂಬ ಖಾಲಿ ಗ್ಲಾಸು, ಬೂದಿ, ಜನ ಬಂದಿದ್ರು ಅನ್ನೋದಕ್ಕೆ ಅಷ್ಟೇ ಸಾಕ್ಷಿ. ಸಿನಿಮಾ ಅಲ್ಲಿಂದ ಶುರು ಆಗಿದ್ರೆ, ಅವ್ಳು ಒಂದೊಂದೇ ಗ್ಲಾಸ್ ಎತ್ಕೊಂಡು ರಾತ್ರಿ ಏನೇನಾಯ್ತು ಅಂತ ಫ್ರೆಂಡ್ ಹತ್ರ ಕೇಳ್ತಾ ಹೋಗಿದ್ರೆ, ನಾನು ಇನ್ನೂ 101 ನಿಮಿಷ ಕೂತಿರ್ತಿದ್ದೆ.