ಗೋಲು ಲೆಕ್ಕ ಸಿಗುತ್ತೆ, ನಿಮಿಷದ ಲೆಕ್ಕ ಸಿಗಲ್ಲ: ಕನಕ್ಸ್ ಹುಡುಗರನ್ನು ದೂರದಿಂದ ಹಿಂಬಾಲಿಸುವವರಿಗೆ ಒಂದು ವಿಮರ್ಶೆ

ಎನ್‌ಎಚ್‌ಎಲ್ (ಉತ್ತರ ಅಮೆರಿಕದ ಅತಿ ದೊಡ್ಡ ಐಸ್ ಹಾಕಿ ಲೀಗ್) ಕೆಳಗಿನ ಮೆಟ್ಟಿಲಾದ ಎಎಚ್‌ಎಲ್‌ನ ಪಂದ್ಯ ಮುಗಿದ ಮೇಲೆ ಬರುವ ಸ್ಕೋರ್‌ಶೀಟ್ ತೆಗೆದು ನೋಡಿ. ಗೋಲಿ (ಗೋಲ್‌ಕೀಪರ್) ಎಷ್ಟು ನಿಮಿಷ, ಎಷ್ಟು ಸೆಕೆಂಡ್ ನಿಂತಿದ್ದ ಅಂತ ಬರೆದಿರುತ್ತೆ. ಮಿಕ್ಕ 18 ಜನ ಐಸ್ ಮೇಲೆ ಎಷ್ಟು ಹೊತ್ತು ಇದ್ದರು ಅನ್ನೋದು ಮಾತ್ರ ಎಲ್ಲೂ ಇಲ್ಲ. ಗೋಲು, ಅಸಿಸ್ಟ್ (ಗೋಲಿಗೆ ನೆರವಾದ ಪಾಸ್), ಶಾಟ್, ಪ್ಲಸ್-ಮೈನಸ್ (ಅವನಿದ್ದಾಗ ತಂಡ ಹೊಡೆದ, ಬಿಟ್ಟುಕೊಟ್ಟ ಗೋಲುಗಳ ವ್ಯತ್ಯಾಸ) ಎಲ್ಲ ಉಂಟು, ನಿಮಿಷ ಇಲ್ಲ. ರಣಜಿ ಸ್ಕೋರ್‌ಕಾರ್ಡ್‌ನಲ್ಲಿ ರನ್ ಬರೆದು ಎಷ್ಟು ಎಸೆತ ಅನ್ನೋದನ್ನು ಅಳಿಸಿಬಿಟ್ಟ ಹಾಗೆ. ಕೆನಡಾದ ಎನ್‌ಎಚ್‌ಎಲ್ ತಂಡ ವ್ಯಾಂಕೂವರ್ ಕನಕ್ಸ್‌ನ ಮುಂದಿನ ಪೀಳಿಗೆಯನ್ನು ಬೆನ್ನು ಹತ್ತಿ ನೋಡೋ ಈ ಹವ್ಯಾಸಕ್ಕೆ ನಾನು ಕೊಡುವ ಅಂಕದಲ್ಲಿ ದೊಡ್ಡ ಕಡಿತ ಇದೊಂದಕ್ಕೇ.

(ಇದು ಐಸ್ ಹಾಕಿ. ಪೊನ್ನಂಪೇಟೆ, ಕೂಡಿಗೆ ಟರ್ಫಿನ ಹಾಕಿ ಹುಡುಕಿ ಬಂದವರು ಕ್ಷಮಿಸಬೇಕು.)

ಎನ್‌ಎಚ್‌ಎಲ್ 1997-98ರಿಂದಲೇ ಪ್ರತಿ ಆಟಗಾರನ ನಿಮಿಷ ಪ್ರಕಟಿಸ್ತಿದೆ. ಸ್ವೀಡನ್ನಿನ ಮೇಲ್ಮಟ್ಟದ ಲೀಗ್ ಎಸ್‌ಎಚ್‌ಎಲ್ ಕೂಡ ಕೊಡುತ್ತೆ. ಹಾಗಾಗಿ 2022ರ ಡ್ರಾಫ್ಟ್‌ನಲ್ಲಿ (ಎನ್‌ಎಚ್‌ಎಲ್ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸೋದು) 15ನೇ ಆಯ್ಕೆಯಾಗಿ ಬಂದ ಯೋನಾಥನ್ ಲೆಕ್ಕೆರಿಮ್ಯಾಕಿ ಅಲ್ಲಿನ ಒರೆಬ್ರೊ ತಂಡದಲ್ಲಿ ಆಡುವಾಗ ಅವನಿಗೆ ಎಷ್ಟು ಆಟ ಸಿಗ್ತಿದೆ ಅಂತ ನಿಖರವಾಗಿ ಗೊತ್ತಾಗ್ತಿತ್ತು. ಅದೇ ಹುಡುಗ ಸಮುದ್ರ ದಾಟಿ, ವ್ಯಾಂಕೂವರ್‌ನಿಂದ ಸುಮಾರು 70 ಕಿ.ಮೀ. ದೂರದ ಆಬಟ್ಸ್‌ಫರ್ಡ್‌ಗೆ, ಅಂದರೆ ಕನಕ್ಸ್‌ನ ಎಎಚ್‌ಎಲ್ ತಂಡಕ್ಕೆ, ಬಂದ ತಕ್ಷಣ ನಮಗೆ ಕಣ್ಣಿಗೆ ಬಟ್ಟೆ! ಮುಖ್ಯ ತಂಡಕ್ಕೆ ಹತ್ತಿರವಾದಷ್ಟೂ ಮಾಹಿತಿ ಕಮ್ಮಿ ಅನ್ನೋದು ಎಂಥ ನ್ಯಾಯವೋ. 2024-25ರಲ್ಲಿ ಅವನು ಅಲ್ಲಿ 36 ಪಂದ್ಯಗಳಲ್ಲಿ 19 ಗೋಲು ಹೊಡೆದ. ಅದು ಪಂದ್ಯಕ್ಕೆ 14 ನಿಮಿಷ ಆಡಿ ಹೊಡೆದದ್ದೋ, 19 ನಿಮಿಷ ಆಡಿ ಹೊಡೆದದ್ದೋ? ಎರಡರ ಅರ್ಥ ಪೂರ್ತಿ ಬೇರೆ. ಡಿಫೆನ್ಸ್ ಆಡುವ ಹುಡುಗರ ವಿಷಯದಲ್ಲಂತೂ ನಿಮಿಷವೇ ಸರ್ವಸ್ವ. ಅವರ ಗೋಲು, ಅಸಿಸ್ಟ್ ನೋಡಿ ಏನೂ ತಿಳಿಯಲ್ಲ.

ಅದಕ್ಕೇ ಮೊದಲು ಕೈಲೆಕ್ಕ ಹೇಳಿಬಿಡ್ತೀನಿ. ಇದನ್ನು ಕಲಿತರೆ ಪಂದ್ಯ ನೋಡೋಕೆ ಸ್ಟ್ರೀಮಿಂಗ್‌ಗೆ ಕಟ್ಟುವ ಚಂದಾ ಹಣ ವಸೂಲು.

ಒಂದು ಪಂದ್ಯದಲ್ಲಿ ಸುಮಾರು 55ರಿಂದ 60 ಫೇಸ್‌ಆಫ್ (ಇಬ್ಬರ ನಡುವೆ ಪಕ್, ಅಂದರೆ ರಬ್ಬರ್ ಬಿಲ್ಲೆ, ಹಾಕಿ ನಿಂತ ಆಟವನ್ನು ಮತ್ತೆ ಶುರು ಮಾಡೋದು) ಆಗುತ್ತೆ. ಆಟದ ಅವಧಿಯೂ 60 ನಿಮಿಷ. ಅಂದರೆ ಒಂದು ಫೇಸ್‌ಆಫ್ ಸರಿಸುಮಾರು ಒಂದು ನಿಮಿಷಕ್ಕೆ ಸಮ. ಲೈವ್‌ನಲ್ಲಿ ಕ್ಯಾಮೆರಾ ಪಕ್ ಹಿಂದೆ ಓಡ್ತಿರುತ್ತೆ, ಬೆಂಚಿನಿಂದ ಯಾರು ಇಳಿದರು ಯಾರು ಹತ್ತಿದರು ಕಾಣಲ್ಲ. ಫೇಸ್‌ಆಫ್ ಹೊತ್ತಿಗೆ ಮಾತ್ರ ಎಲ್ಲರೂ ನಿಂತಿರುತ್ತಾರೆ. ರಿಪ್ಲೇ ಹಾಕಿ ಒಂದು ಸೀಟಿಯಿಂದ ಇನ್ನೊಂದು ಸೀಟಿಗೆ ಹಾರುತ್ತಾ ಹೋಗಿ, ನಿಮ್ಮ ಹುಡುಗ ಇದ್ದರೆ ಗೆರೆ ಎಳೆಯಿರಿ, ಇಲ್ಲದಿದ್ದರೆ ಸೊನ್ನೆ. ಅವನಿದ್ದ ಫೇಸ್‌ಆಫ್‌ಗಳನ್ನು ಒಟ್ಟು ಫೇಸ್‌ಆಫ್‌ಗಳಿಂದ ಭಾಗಿಸಿ 60ರಿಂದ ಗುಣಿಸಿದರೆ ನಿಮಿಷ ಬಂತು. 58ರಲ್ಲಿ 20 ಬಾರಿ ಇದ್ದರೆ ಹತ್ತಿರಹತ್ತಿರ 21 ನಿಮಿಷ, ಅಂದರೆ ಮೊದಲ ಜೋಡಿಯ ಡಿಫೆನ್ಸ್‌ಮನ್ (ಡಿಫೆನ್ಸ್‌ನವರು ಇಬ್ಬಿಬ್ಬರ ಜೋಡಿಯಾಗಿ, ಫಾರ್ವರ್ಡ್‌ಗಳು ಮೂವರ ಸಾಲಾಗಿ ಸರದಿಯಲ್ಲಿ ಇಳಿಯುತ್ತಾರೆ). 14 ನಿಮಿಷದ ಆಸುಪಾಸು ಬಂದರೆ ಮೂರನೇ ಜೋಡಿ. ಫಾರ್ವರ್ಡ್ ಆದರೆ 18 ದಾಟಿದವನು ಮೊದಲ ಸಾಲಿನವನು, 8-10ರಲ್ಲಿ ಇರೋನು ನಾಲ್ಕನೇ ಸಾಲಿನವನು. ಮುಕ್ಕಾಲು ಗಂಟೆಯ ಕೆಲಸ.

ಪ್ರತಿ ಗೆರೆಯ ಪಕ್ಕ ಜಾಗವನ್ನೂ ಗುರುತು ಹಾಕಿ: ನಮ್ಮ ತುದಿ, ನಡು, ಅವರ ತುದಿ. ಒಂದು ಗೋಲಿನ ಮುನ್ನಡೆ ಇದೆ, ಕೊನೆಯ ಎರಡು ನಿಮಿಷ, ಫೇಸ್‌ಆಫ್ ನಮ್ಮ ಗೋಲಿಯ ಎಡಗಡೆ. ಆಗ ಕೋಚ್ ಯಾರನ್ನು ಇಳಿಸ್ತಾರೆ ಅನ್ನೋದೊಂದು ಇಡೀ ತಿಂಗಳ ಅಂಕಿಅಂಶಕ್ಕಿಂತ ಹೆಚ್ಚು ಹೇಳುತ್ತೆ. ಅದೇ ರೀತಿ, ಹಿಂದೆ ಬಿದ್ದು ಗೋಲಿಯನ್ನು ಹೊರಗೆಳೆದು ಆರು ಜನರನ್ನು ಆಡಿಸುವಾಗ ಆರನೆಯವನು ಯಾರು ನೋಡಿ.

ಈ ಲೆಕ್ಕ ಎಲ್ಲಿ ಕೈಕೊಡುತ್ತೆ ಅನ್ನೋದೂ ಗೊತ್ತಿರಲಿ. ಆಟ ನಡೀತಿರುವಾಗಲೇ ಬೆಂಚಿನಿಂದ ಜಿಗಿಯುವವರು ಇದರಲ್ಲಿ ತಪ್ಪಿಹೋಗುತ್ತಾರೆ. ಕೆಲವು ಕೋಚ್‌ಗಳು ಮೂರನೇ ಜೋಡಿಯನ್ನು ಫೇಸ್‌ಆಫ್‌ನಿಂದ ದೂರವಿಟ್ಟು, ನಡುವೆ ತುರುಕಿಯೇ ಆಡಿಸ್ತಾರೆ. ಅಂಥವರ ನಿಮಿಷ ಒಂದೆರಡು ಕಡಿಮೆ ಬರುತ್ತೆ. ಬರೀ ಎರಡನೇ ಪೀರಿಯಡ್ ನೋಡಿ ತೀರ್ಮಾನಕ್ಕೂ ಬರಬೇಡಿ. ಆ ಪೀರಿಯಡ್‌ನಲ್ಲಿ ತಂಡಗಳು ತುದಿ ಬದಲಿಸಿರುತ್ತವೆ, ಬೆಂಚು ಸ್ವಂತ ಗೋಲಿನಿಂದ ದೂರ, ಡಿಫೆನ್ಸ್‌ನವರು ಸಿಕ್ಕಿಹಾಕಿಕೊಂಡು ಒಂದೇ ಶಿಫ್ಟ್ (ಐಸ್‌ಗಿಳಿದ ಒಂದು ಸರದಿ) ಒಂದೂವರೆ ನಿಮಿಷ ಎಳೆಯೋದುಂಟು. ಮಾಮೂಲಿ ಶಿಫ್ಟ್ 45 ಸೆಕೆಂಡ್. ಅನುಮಾನವಿದ್ದರೆ ಒಂದು ಎನ್‌ಎಚ್‌ಎಲ್ ಪಂದ್ಯಕ್ಕೆ ಇದೇ ಲೆಕ್ಕ ಹಾಕಿ. ಅಲ್ಲಿ ನಿಜವಾದ ನಿಮಿಷ ಸಿಗುತ್ತಲ್ಲ, ಹೋಲಿಸಿದರೆ ನಿಮ್ಮ ಕೈ ಎಷ್ಟು ತಪ್ಪುತ್ತೆ ತಿಳಿಯುತ್ತೆ.

ಅಷ್ಟು ಪುರಸೊತ್ತಿಲ್ಲದವರಿಗೆ ಅಡ್ಡದಾರಿ: ಸ್ಕೋರ್‌ಶೀಟ್‌ನಲ್ಲಿ ಸಮಬಲದ (ಎರಡೂ ಕಡೆ ಸಮ ಜನ ಇದ್ದಾಗಿನ) ಗೋಲುಗಳ ಕೆಳಗೆ ಆಗ ಐಸ್ ಮೇಲಿದ್ದವರ ನಂಬರ್ ಇರುತ್ತೆ. ನಾಲ್ಕೈದು ಪಂದ್ಯಗಳ ಶೀಟ್ ಪಕ್ಕಪಕ್ಕ ಇಟ್ಟರೆ ಯಾರ ಜೋಡಿ ಯಾರು ಅಂತ ತಾನಾಗೇ ಹೊರಬೀಳುತ್ತೆ. ಪವರ್ ಪ್ಲೇ (ಪೆನಾಲ್ಟಿಯಿಂದ ಎದುರಾಳಿಗೆ ಜನ ಕಮ್ಮಿ ಇರುವಾಗಿನ) ಗೋಲಿಗೆ ಪ್ಲಸ್-ಮೈನಸ್ ಲೆಕ್ಕವಿಲ್ಲ, ಅದಕ್ಕೆ ವಿಡಿಯೊವೇ ಗತಿ. ಪೆನಾಲ್ಟಿ ಬಿದ್ದ ಕೂಡಲೇ ಇಳಿಯುವ ಐವರು ಮೊದಲ ಘಟಕ, ಮಿಕ್ಕ 40-50 ಸೆಕೆಂಡಿಗೆ ಬರುವವರು ಎರಡನೆಯದು.

ಇನ್ನು ಸಮಯ. ಬೆಂಗಳೂರಲ್ಲಿ ಕೂತವರಿಗೆ ಇಲ್ಲೊಂದು ನಿರೀಕ್ಷಿಸದ ಸುಖ ಇದೆ, ನನ್ನ ಸಿಡುಕು ಅರ್ಧ ಇಳಿಯೋದು ಇಲ್ಲೇ. ಆಬಟ್ಸ್‌ಫರ್ಡ್‌ನಲ್ಲಿ ಸಂಜೆ 7ಕ್ಕೆ ಶುರುವಾಗುವ ಪಂದ್ಯ ನಮಗೆ ಬೆಳಗ್ಗೆ 8.30. ಅಲ್ಲಿ ಗಡಿಯಾರ ಒಂದು ಗಂಟೆ ಮುಂದಿಟ್ಟಿರುವಾಗ 7.30. ಎಎಚ್‌ಎಲ್‌ನ 72 ಪಂದ್ಯಗಳಲ್ಲಿ ಹೆಚ್ಚಿನವು ವಾರಾಂತ್ಯಕ್ಕೇ ಬೀಳೋದರಿಂದ ಅವರ ಶುಕ್ರವಾರ ರಾತ್ರಿ ನಮ್ಮ ಶನಿವಾರದ ತಿಂಡಿ ಹೊತ್ತು, ಅವರ ಶನಿವಾರ ನಮ್ಮ ಭಾನುವಾರ. ಆಫೀಸಿಗೆ ರಜೆ ಹಾಕಬೇಕಿಲ್ಲ, ಅಲಾರಂ ಬೇಡ. ದರ್ಶಿನಿಯಿಂದ ಇಡ್ಲಿ-ವಡೆ ಪಾರ್ಸಲ್ ಬಿಚ್ಚೋ ಹೊತ್ತಿಗೆ ವಾರ್ಮ್‌ಅಪ್ ನಡೀತಿರುತ್ತೆ. ಆ ವಾರ್ಮ್‌ಅಪ್ ತಪ್ಪಿಸಿಕೊಳ್ಳಬೇಡಿ. ಸಾಲುಸಾಲಾಗಿ ಮೂವರು ಮೂವರು ನುಗ್ಗಿ ಬರುವಾಗಲೇ ಅವತ್ತಿನ ಸಾಲುಗಳು ಗೊತ್ತಾಗುತ್ತವೆ. ಕಾಮೆಂಟರಿಯವರು ಶುರುವಿಗೇ ಅವನ್ನು ಓದಿ ಹೇಳೋದೂ ಉಂಟು, ಪೆನ್ನು ಹಿಡಿದಿರಿ. ಎರಡನೇ ಇಂಟರ್ವಲ್‌ಗೆ ಎರಡನೇ ಕಾಫಿ. ಎನ್‌ಎಚ್‌ಎಲ್‌ನ ಪೂರ್ವ ಕರಾವಳಿ ಪಂದ್ಯಗಳಿಗಾಗಿ ಬೆಳಗಿನ ಜಾವ 5.30ಕ್ಕೆ ಏಳುವವರಿಗಿಂತ ನಮ್ಮ ಪಾಡು ವಾಸಿ.

ಭಾನುವಾರ ಮಧ್ಯಾಹ್ನದ ಪಂದ್ಯಗಳು ನಮಗೆ ಸೋಮವಾರ ಬೆಳಗಿನ ಜಾವ. ಅವನ್ನು ಬಿಟ್ಟುಬಿಡಿ. ಮೂರು ದಿನದಲ್ಲಿ ಮೂರನೇ ಪಂದ್ಯವಾದರೆ ಎಲ್ಲರ ಕಾಲೂ ಸೋತಿರುತ್ತೆ, ಅದರಿಂದ ಆಟಗಾರನನ್ನು ಅಳೆಯೋದು ತಪ್ಪು.

ಹಣದ ಮಾತು. ಡಾಲರ್‌ನಲ್ಲಿ ಕಟ್ಟುವ ಯಾವ ಚಂದಾಕ್ಕೂ ಇಲ್ಲಿನ ಬಹುತೇಕ ಕ್ರೆಡಿಟ್ ಕಾರ್ಡ್‌ಗಳು 2ರಿಂದ 3.5% ಫಾರೆಕ್ಸ್ ಶುಲ್ಕ, ಆ ಶುಲ್ಕದ ಮೇಲೆ 18% ಜಿಎಸ್‌ಟಿ ಸೇರಿಸುತ್ತವೆ. ತಿಂಗಳ ಚಂದಾವನ್ನು ಆಟೊ-ರಿನ್ಯೂವಲ್‌ಗೆ ನಂಬಿ ಬಿಡಬೇಡಿ. ವಿದೇಶಿ ವ್ಯಾಪಾರಿಗೆ ಇಲ್ಲಿನ ಕಾರ್ಡಿನ ಆಟೊ ಪಾವತಿ ಹಲವು ಬಾರಿ ತಿರಸ್ಕಾರವಾಗುತ್ತೆ, ಅದೂ ಸರಿಯಾಗಿ ಪ್ಲೇಆಫ್ ವಾರದಲ್ಲಿ. ಜೂನಿಯರ್ (ಹದಿಹರೆಯದವರ) ಲೀಗ್‌ಗಳ ಪೈಕಿ ಪಶ್ಚಿಮ ಕೆನಡಾ-ಅಮೆರಿಕದ ಡಬ್ಲ್ಯುಎಚ್‌ಎಲ್ 2024-25ರಿಂದ ವಿಕ್ಟರಿ ಪ್ಲಸ್ ಆ್ಯಪ್‌ನಲ್ಲಿ ಉಚಿತವಾಗಿ ಬರ್ತಿದೆ. ನಿಮ್ಮ ದೇಶದಲ್ಲಿ ತೆರೆಯುತ್ತಾ ಅಂತ ಮೊದಲೇ ನೋಡಿಕೊಳ್ಳಿ. ಒಂದೇ ಚಂದಾಕ್ಕೆ ಬಜೆಟ್ ಇರೋದಾದರೆ ನನ್ನ ಓಟು ಎಎಚ್‌ಎಲ್‌ಗೆ. ಕಾಲೇಜು ಹಾಕಿಗೆ ದುಡ್ಡು ಹಾಕೋದು ಸುಮ್ಮನೆ. ಅಲ್ಲಿ ವರ್ಷಕ್ಕೆ 35-40 ಪಂದ್ಯ, ಮಿಕ್ಕ ದಿನ ಜಿಮ್ಮು. 2023ರ 11ನೇ ಆಯ್ಕೆ ಟಾಮ್ ವಿಲಾಂಡರ್ ಬಾಸ್ಟನ್ ಯೂನಿವರ್ಸಿಟಿಯಲ್ಲಿ ಕಳೆದ ಎರಡು ವರ್ಷಕ್ಕೆ ಹೈಲೈಟ್ಸ್ ಸಾಕಾಗಿತ್ತು.

ಹುಡುಕುವಾಗ ಆಗುವ ಎಡವಟ್ಟು: ಕನಕ್ಸ್‌ನಲ್ಲಿ ಇಲಿಯಾಸ್ ಪೆಟರ್ಸನ್ ಇಬ್ಬರು. ಒಬ್ಬ 2017ರ 5ನೇ ಆಯ್ಕೆಯ ಸೆಂಟರ್, ಇನ್ನೊಬ್ಬ 2022ರ 80ನೇ ಆಯ್ಕೆಯ ಡಿಫೆನ್ಸ್‌ಮನ್. ಬರೀ ಹೆಸರು ಹಾಕಿ ಅಲರ್ಟ್ ಇಟ್ಟರೆ ದಿನವಿಡೀ ಸೆಂಟರ್‌ನ ಸುದ್ದಿಯೇ ಬರುತ್ತೆ. ಹೆಸರಿನ ಜೊತೆ ಹುಟ್ಟಿದ ವರ್ಷ ಅಥವಾ 'ಡಿಫೆನ್ಸ್' ಸೇರಿಸಿ, ಆಟಗಾರರ ಅಂಕಿಅಂಶದ ತಾಣ ಎಲೀಟ್ ಪ್ರಾಸ್ಪೆಕ್ಟ್ಸ್‌ನಲ್ಲಿ ಅವನ ಪುಟವನ್ನೇ ಬುಕ್‌ಮಾರ್ಕ್ ಮಾಡಿ. ಮಸುಕು ಸ್ಟ್ರೀಮ್‌ನಲ್ಲಿ ನಂಬರ್ ಕಾಣದಿದ್ದಾಗ ಸ್ಟಿಕ್ ಹಿಡಿಯುವ ಕೈ ನೋಡಿ: ಈ ಪೆಟರ್ಸನ್ ಎಡಗೈ, ವಿಲಾಂಡರ್ ಬಲಗೈ.

ಅಂಕಿ ನೋಡುವಾಗ ಮೊದಲು ವಯಸ್ಸು, ಆಮೇಲೆ ಪಾಯಿಂಟ್ (ಗೋಲು, ಅಸಿಸ್ಟ್ ಸೇರಿ). ವ್ಯಾಂಕೂವರ್ ಪಕ್ಕದ ಸರ್ರಿಯ ಪಂಜಾಬಿ ಹುಡುಗ ಅರ್ಶದೀಪ್ ಬೈನ್ಸ್ 2021-22ರಲ್ಲಿ ರೆಡ್ ಡೀರ್ ಪರ 112 ಪಾಯಿಂಟ್ ಗಳಿಸಿ ಇಡೀ ಡಬ್ಲ್ಯುಎಚ್‌ಎಲ್‌ಗೆ ಮೊದಲಿಗನಾದ. ಆದರೂ ಅವನನ್ನು ಯಾವ ತಂಡವೂ ಡ್ರಾಫ್ಟ್ ಮಾಡಿರಲಿಲ್ಲ. ಆ ಋತುವಿನಲ್ಲಿ ಅವನಿಗೆ 20 ತುಂಬಿ 21 ನಡೀತಿತ್ತು, ಎದುರಿಗಿದ್ದವರಲ್ಲಿ 17ರ ಹುಡುಗರು ಎಷ್ಟೋ ಜನ. ಕನಕ್ಸ್ ಒಪ್ಪಂದ ಕೊಟ್ಟಿತು, ಆದರೆ 112 ಅನ್ನೋ ಅಂಕಿ ಕಂಡು ಹಾರಾಡಿದವರಿಗೆ ಅವನು ಎನ್‌ಎಚ್‌ಎಲ್‌ನಲ್ಲಿ ಕಾಲೂರೋಕೆ ಪಡ್ತಿರುವ ಕಷ್ಟ ಅರ್ಥವಾಗಲ್ಲ. ಅದೇ ಅಂಕಿಯನ್ನು 17ರಲ್ಲಿ ಗಳಿಸಿದವನ ಕಥೆಯೇ ಬೇರೆ.

ಎಎಚ್‌ಎಲ್‌ನಲ್ಲಿ ಇದಕ್ಕೆ ತಿರುವುಮುರುವು. ಅಲ್ಲಿ ಪಂದ್ಯಕ್ಕೆ ಇಳಿಯುವ 18 ಸ್ಕೇಟರ್‌ಗಳಲ್ಲಿ 13 ಜನ 'ಬೆಳೆಯುತ್ತಿರುವವರು' ಆಗಿರಲೇಬೇಕು: 12 ಮಂದಿ 260 ಅಥವಾ ಅದಕ್ಕಿಂತ ಕಡಿಮೆ ವೃತ್ತಿಪರ ಪಂದ್ಯ ಆಡಿದವರು, ಒಬ್ಬ 320ರ ಒಳಗಿನವನು. ಮಿಕ್ಕ ಐದು ಜಾಗಕ್ಕೆ ಪಳಗಿದವರು ಬರುತ್ತಾರೆ, ಬಿಗಿಯಾದ ಕೊನೆಯ ನಿಮಿಷಗಳು ಅವರ ಪಾಲಿಗೇ. ಕೋಚ್‌ಗೆ ಗೆಲ್ಲಲೂ ಬೇಕಲ್ಲ. ಕೋಚ್ ಮ್ಯಾನಿ ಮಲ್ಹೋತ್ರಾ 2025ರಲ್ಲಿ ಆಬಟ್ಸ್‌ಫರ್ಡ್‌ಗೆ ಎಎಚ್‌ಎಲ್ ಚಾಂಪಿಯನ್ ಪಟ್ಟವಾದ ಕಾಲ್ಡರ್ ಕಪ್ ಗೆದ್ದುಕೊಟ್ಟಾಗ ಲೆಕ್ಕೆರಿಮ್ಯಾಕಿಯಂಥ ಮೊದಲ ಸುತ್ತಿನ ಹುಡುಗನೂ ಪ್ಲೇಆಫ್‌ನ ಎಲ್ಲ ಪಂದ್ಯಗಳಲ್ಲಿ ಇರಲಿಲ್ಲ. ಶಾರ್ಲೆಟ್ ಎದುರಿನ ಫೈನಲ್ ನೋಡಿದವರು ಕೈಲೆಕ್ಕ ಹಾಕಿದ್ದರೆ ನಂಬಿಕೆ ಯಾರ ಮೇಲಿತ್ತು ಅನ್ನೋದು ಸ್ಪಷ್ಟ. ಆ ಪ್ಲೇಆಫ್‌ನ ಶ್ರೇಷ್ಠ ಆಟಗಾರ ಗೋಲಿ ಆರ್ತುರ್ಸ್ ಶಿಲೊವ್ಸ್ ಮುಂದಿನ ತಿಂಗಳೇ ಪಿಟ್ಸ್‌ಬರ್ಗ್‌ಗೆ ಟ್ರೇಡ್ ಆದ. ಈ ಹವ್ಯಾಸದಲ್ಲಿ ಜೆರ್ಸಿ ಕೊಳ್ಳೋಕೆ ಆತುರ ಬೇಡ. ಗೋಲಿಗಳನ್ನು ಹಿಂಬಾಲಿಸುವವರು ಎಎಚ್‌ಎಲ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಇಸಿಎಚ್‌ಎಲ್ ಲೀಗ್‌ನ ಕಲಮಜೂ ತಂಡದ ಕಡೆಗೂ ಕಣ್ಣಿಡಿ. ಆಬಟ್ಸ್‌ಫರ್ಡ್ ಬೆಂಚಿನಲ್ಲಿ ಕೂತು ಬಾಗಿಲು ತೆಗೆಯೋದಕ್ಕಿಂತ ಅಲ್ಲಿ ವಾರಕ್ಕೆ ಎರಡು ಪಂದ್ಯ ಆಡೋದು ಮೂರನೇ ಗೋಲಿಗೆ ಒಳ್ಳೇದು.

ಮುಂದಿನ ಚಂದಾ ಯಾವುದು ಅನ್ನೋದು ಬ್ರೇಡನ್ ಕೂಟ್ಸ್ ಮೇಲೆ ನಿಂತಿದೆ. 2025ರ 15ನೇ ಆಯ್ಕೆ, ಫೆಬ್ರವರಿ 2007ರಲ್ಲಿ ಹುಟ್ಟಿದವನು. ಜೂನಿಯರ್ ಲೀಗ್‌ನಿಂದ ಡ್ರಾಫ್ಟ್ ಆದ ಹುಡುಗನಿಗೆ ಡಿಸೆಂಬರ್ 31ರೊಳಗೆ 20 ತುಂಬದೆ, ಅಲ್ಲಿ ನಾಲ್ಕು ಋತುವೂ ಮುಗಿದಿರದಿದ್ದರೆ, ಎಎಚ್‌ಎಲ್‌ಗೆ ಬಾಗಿಲಿಲ್ಲ. ಒಂದೋ ಎನ್‌ಎಚ್‌ಎಲ್, ಇಲ್ಲವೇ ವಾಪಸ್ ಜೂನಿಯರ್. ಕೂಟ್ಸ್ 2025ರ ಅಕ್ಟೋಬರ್‌ನಲ್ಲಿ ಮೂರು ಎನ್‌ಎಚ್‌ಎಲ್ ಪಂದ್ಯ ಆಡಿ ಜೂನಿಯರ್‌ಗೆ ಮರಳಿದ್ದು ಇದರಿಂದಲೇ. ಹತ್ತನೇ ಪಂದ್ಯ ಮುಟ್ಟಿದ್ದರೆ ಒಪ್ಪಂದದ ಒಂದು ವರ್ಷ ಖರ್ಚಾಗಿಬಿಡ್ತಿತ್ತು. 2026-27ಕ್ಕೆ ಜಾರಿಯಾಗುವ, ಲೀಗ್ ಮತ್ತು ಆಟಗಾರರ ಸಂಘದ ನಡುವಿನ ಹೊಸ ಒಪ್ಪಂದ ಪ್ರತಿ ತಂಡಕ್ಕೆ 19ರ ಒಬ್ಬ ಹುಡುಗನನ್ನು ಎಎಚ್‌ಎಲ್‌ಗೆ ಕಳಿಸುವ ದಾರಿ ತೆರೆಯುತ್ತೆ. ಸೆಪ್ಟೆಂಬರ್ ಕ್ಯಾಂಪ್ ಮುಗಿದು ಹೆಸರುಗಳು ಹೊರಬರೋವರೆಗೆ ಯಾವುದಕ್ಕೂ ದುಡ್ಡು ಕಟ್ಟಬೇಡಿ. ಅವನು ಆಬಟ್ಸ್‌ಫರ್ಡ್‌ಗೆ ಬಂದರೆ ಎಎಚ್‌ಎಲ್‌ನ ವರ್ಷದ ಚಂದಾ, ಡಬ್ಲ್ಯುಎಚ್‌ಎಲ್‌ಗೇ ಹೋದರೆ ಉಚಿತ ಆ್ಯಪ್ ಜೊತೆಗೆ ಎಎಚ್‌ಎಲ್ ತಿಂಗಳ ಪ್ಲಾನ್, ಅದೂ ಜನವರಿಯಿಂದ.